ಎಲ್ಲರಿಗೂ ಒಂದೇ ದಾರಿ

ತುಂಬಿದ ಹೊಳೆಯ ದಡದಲ್ಲಿ ಅಂಬಿಗನೊಬ್ಬನು ದೋಣಿಯನ್ನು ಕಟ್ಟಿಕೊಂಡು ನಿಂತಿದ್ದಾನೆ. ಸಂತೆಗೆ ಹೋಗುವ ರೈತನು ಬರುತ್ತಾನೆ, ಬಳೆಗಾರನು ಬರುತ್ತಾನೆ, ತವರಿಗೆ ಹೊರಟ ಹೆಣ್ಣುಮಗಳು ಬರುತ್ತಾಳೆ. ಗೊತ್ತಾದ ಕೂಲಿಯನ್ನು ಕೊಟ್ಟವರನ್ನೆಲ್ಲ ಬಂದ ಸರದಿಯಂತೆ ಆಚೆಯ ದಡಕ್ಕೆ ಮುಟ್ಟಿಸುವುದು ಅಂಬಿಗನ ಧರ್ಮ. ಆ ಹೊಳೆಗೆ ಇರುವುದು ಅದೊಂದೇ ದೋಣಿ. ಹೀಗಿರುವಾಗ ಆತನು, 'ಈ ಬಳೆಗಾರನು ನನ್ನ ಭಾವಮೈದುನನ ವ್ಯಾಪಾರಕ್ಕೆ ಅಡ್ಡಿಯಾದವನು. ಇವನನ್ನು ಸಂಜೆಯವರೆಗೂ ಕಾಯಿಸುತ್ತೇನೆ' ಎಂದರೆ ಏನಾದೀತು? ಬಳೆಗಾರನ ಸರಕು ಎಷ್ಟೇ ಚೆನ್ನಾಗಿದ್ದರೂ ಅವನು ಮುಟ್ಟುವ ವೇಳೆಗೆ ಸಂತೆ ಮುಗಿದಿರುತ್ತದೆ. ಸಂತೆಯಲ್ಲಿ ಯಾರ ಸರಕು ಮೇಲೆಂಬುದನ್ನು ಕೊಳ್ಳುವವರು ತೀರ್ಮಾನಿಸುವ ಬದಲು ದೋಣಿ ನಡೆಸುವವನೇ ತೀರ್ಮಾನಿಸಿದಂತಾಗುತ್ತದೆ.

ಈ ಸಮಸ್ಯೆ ಬಹಳ ಹಳೆಯದು. ದೋಣಿ ನಡೆಸುವವರು, ಸರಕು ಸಾಗಿಸುವವರು, ದಾರಿಹೋಕರಿಗೆ ವಸತಿ ಕೊಡುವವರು ತಮ್ಮಲ್ಲಿಗೆ ಬಂದವರಲ್ಲಿ ಭೇದವೆಣಿಸದೆ ಸೇವೆ ಸಲ್ಲಿಸಬೇಕೆಂಬ ನಿಯಮವು ಇಂಗ್ಲೆಂಡಿನ ಪ್ರಾಚೀನ ನ್ಯಾಯಪದ್ಧತಿಯಲ್ಲಿಯೇ ಬೆಳೆದು ಬಂದಿತ್ತು. ಇಂಥವರನ್ನು 'ಸಾರ್ವಜನಿಕ ವಾಹಕ'ರೆಂದು ಕರೆಯಬಹುದು. ದೋಣಿಯೇನೋ ಅಂಬಿಗನ ಸ್ವಂತ ಆಸ್ತಿ. ಆದರೆ ಹೊಳೆ ದಾಟುವುದು ಎಲ್ಲರ ಅಗತ್ಯ. ಆದುದರಿಂದ ಅವನ ಸ್ವಾತಂತ್ರ್ಯಕ್ಕೆ ಸಮಾಜವು ಒಂದು ಮಿತಿಯನ್ನು ವಿಧಿಸಿತು.

ಅಮೆರಿಕ ಸಂಯುಕ್ತ ಸಂಸ್ಥಾನವು ಈ ತತ್ತ್ವವನ್ನು ದೋಣಿಯಿಂದ ತಂತಿಗೆ ವಿಸ್ತರಿಸಿತು. ಪೆಸಿಫಿಕ್ ಕರಾವಳಿಯವರೆಗೆ ಟೆಲಿಗ್ರಾಫ್ ತಂತಿಯನ್ನು ಎಳೆಯಲು ನೆರವು ನೀಡುವ ಶಾಸನವೊಂದು ಅಲ್ಲಿ 1860ರಲ್ಲಿ ಜಾರಿಗೆ ಬಂದಿತು. ಸರ್ಕಾರದ ಸಂದೇಶಗಳಿಗೆ ಮಾತ್ರ ಮೊದಲ ಸ್ಥಾನ. ಉಳಿದೆಲ್ಲ ಸಂದೇಶಗಳನ್ನು ಬಂದ ಸರದಿಯಂತೆ ಪಕ್ಷಪಾತವಿಲ್ಲದೆ ಕಳುಹಿಸಬೇಕೆಂದು ಅದು ವಿಧಿಸಿತು. ಅನಂತರ ದೂರವಾಣಿ ಬಂದಿತು. ಕ್ಯಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿಯನ್ನು ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್ ಎಂಬಾತನ ಕಥೆಯನ್ನು ಈ ಸಂದರ್ಭದಲ್ಲಿ ಹೇಳುವುದುಂಟು. ಆ ಕಾಲದಲ್ಲಿ ವಿನಿಮಯ ಕೇಂದ್ರದ ಕೆಲಸಗಾರರು ಕೈಯಿಂದಲೇ ತಂತಿಗಳನ್ನು ಜೋಡಿಸಿ ಕರೆಗಳನ್ನು ಕೂಡಿಸುತ್ತಿದ್ದರು. ತನಗೆ ಬರಬೇಕಾದ ಕರೆಗಳನ್ನು ಕೇಂದ್ರದ ಕೆಲಸಗಾರ್ತಿಯು ತನ್ನ ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾಳೆಂದು ಸ್ಟ್ರೌಜರನಿಗೆ ಸಂಶಯವುಂಟಾಯಿತಂತೆ. ಅದಕ್ಕೆ ಅವನು ಕಂಡುಕೊಂಡ ಪರಿಹಾರ ಅಪೂರ್ವವಾದುದು. ಮನುಷ್ಯರ ಕೈಯೇ ಬೇಡದ, ಕರೆಗಳನ್ನು ತಾನಾಗಿಯೇ ಜೋಡಿಸುವ ಯಂತ್ರವೊಂದನ್ನು ಅವನು ರೂಪಿಸಿದನು. 1891ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ನಡುವೆ ನಿಂತವನು ನಿಷ್ಪಕ್ಷಪಾತಿಯಾಗಿರಬೇಕೆಂಬ ಬಯಕೆಯು ಹೊಸ ಯಂತ್ರದ ಹುಟ್ಟಿಗೂ ಕಾರಣವಾಯಿತು. ಮುಂದೆ 1934ರಲ್ಲಿ ಅಮೆರಿಕವು ಸಂಪರ್ಕ ಶಾಸನವನ್ನು ರಚಿಸಿ, ದೂರವಾಣಿ ಕಂಪನಿಗಳನ್ನು ಸಾರ್ವಜನಿಕ ವಾಹಕರೆಂದೇ ಪರಿಗಣಿಸಿತು. ಅವುಗಳ ಮೇಲ್ವಿಚಾರಣೆಗೆ ಫೆಡರಲ್ ಸಂಪರ್ಕ ಆಯೋಗವನ್ನು ನೇಮಿಸಿತು.

ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಂತರಜಾಲವು ಲೋಕವ್ಯಾಪಿಯಾಯಿತು. ಅಂತರಜಾಲದಲ್ಲಿ ಪತ್ರವಾಗಲಿ, ಚಿತ್ರವಾಗಲಿ, ಹಾಡಾಗಲಿ ಇಡಿಯಾಗಿ ಸಾಗುವುದಿಲ್ಲ. ಅದು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಪ್ರತಿಯೊಂದು ಪೊಟ್ಟಣದ ಮೇಲೂ ಹೊರಟ ಸ್ಥಳದ ಮತ್ತು ಸೇರಬೇಕಾದ ಸ್ಥಳದ ವಿಳಾಸಗಳಿರುತ್ತವೆ. ರೂಟರ್ ಎಂಬ ಯಂತ್ರಗಳು ಆ ವಿಳಾಸವನ್ನು ನೋಡಿ ಪೊಟ್ಟಣಗಳನ್ನು ಮುಂದಕ್ಕೆ ದಾಟಿಸುತ್ತವೆ. ಕೊನೆಯಲ್ಲಿ ಅವೆಲ್ಲ ಮತ್ತೆ ಒಂದುಗೂಡಿ ಮೊದಲಿನ ರೂಪವನ್ನು ತಾಳುತ್ತವೆ. ಪೊಟ್ಟಣದೊಳಗೆ ಏನಿದೆ, ಅದನ್ನು ಕಳುಹಿಸಿದವನು ಬಡವನೋ ಬಲ್ಲಿದನೋ ಎಂಬುದನ್ನು ನಡುವಿನ ಯಂತ್ರವು ಕೇಳಬೇಕಾಗಿಲ್ಲ. ಈ ಗುಣದಿಂದಾಗಿಯೇ, ಹೆಸರಿಲ್ಲದ ವಿದ್ಯಾರ್ಥಿಯೊಬ್ಬನು ತನ್ನ ಕೋಣೆಯಲ್ಲಿ ಕುಳಿತು ರೂಪಿಸಿದ ಹೊಸ ಸಾಧನವೂ ಯಾರ ಅಪ್ಪಣೆಗೂ ಕಾಯದೆ ಜಗತ್ತನ್ನು ಮುಟ್ಟಲು ಸಾಧ್ಯವಾಯಿತು.

ಆದರೆ ಮನೆಮನೆಗೆ ಸಂಪರ್ಕವನ್ನು ಒದಗಿಸುವ ತಂತಿಗಳ ಒಡೆತನವು ಕೆಲವೇ ಕಂಪನಿಗಳ ಕೈಯಲ್ಲಿದೆ. ಅಮೆರಿಕದ ಅನೇಕ ಊರುಗಳಲ್ಲಿ ವೇಗದ ಸಂಪರ್ಕ ನೀಡುವ ಕಂಪನಿಗಳು ಒಂದೋ ಎರಡೋ ಮಾತ್ರ. ಅಂಥ ಕಂಪನಿಗಳಲ್ಲಿ ಕೆಲವು ದೂರವಾಣಿ ಸೇವೆಯನ್ನೂ ಮನರಂಜನೆಯನ್ನೂ ಮಾರುತ್ತವೆ. ದೋಣಿಯೂ ತನ್ನದು, ಸಂತೆಯಲ್ಲಿ ಅಂಗಡಿಯೂ ತನ್ನದು ಎಂಬ ಅಂಬಿಗನ ಸ್ಥಿತಿ ಅವುಗಳದು. ಆದಕಾರಣ ಸಂಪರ್ಕ ಒದಗಿಸುವವರು ಎಲ್ಲ ಮಾಹಿತಿಯನ್ನೂ ಸಮಾನವಾಗಿ ಸಾಗಿಸಬೇಕೆಂಬ ಬೇಡಿಕೆ ಹುಟ್ಟಿತು. ಟಿಮ್ ವೂ ಎಂಬ ಕಾನೂನು ಪ್ರಾಧ್ಯಾಪಕರು 2003ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಿಂದ ಈ ತತ್ತ್ವಕ್ಕೆ 'ನೆಟ್ ನ್ಯೂಟ್ರಾಲಿಟಿ', ಅಂದರೆ ಜಾಲ ತಟಸ್ಥತೆ, ಎಂಬ ಹೆಸರು ಪ್ರಚಾರಕ್ಕೆ ಬಂದಿತು. ಅದರ ಸಾರವನ್ನು ಮೂರು ನಿಷೇಧಗಳಲ್ಲಿ ಹೇಳಬಹುದು: ನ್ಯಾಯಸಮ್ಮತವಾದ ಯಾವ ತಾಣವನ್ನೂ ತಡೆಯಬಾರದು, ಯಾವುದರ ವೇಗವನ್ನೂ ಬೇಕೆಂದು ತಗ್ಗಿಸಬಾರದು, ಹಣ ಕೊಟ್ಟವರ ಮಾಹಿತಿಯನ್ನು ಉಳಿದವರಿಗಿಂತ ಮುಂದಕ್ಕೆ ಬಿಡಬಾರದು.

ಈ ಭಯವು ಕೇವಲ ಕಲ್ಪನೆಯಾಗಿರಲಿಲ್ಲ. ಅಂತರಜಾಲದ ಮೂಲಕ ಅಗ್ಗವಾಗಿ ಮಾತನಾಡಲು ಅನುಕೂಲ ಮಾಡಿಕೊಟ್ಟಿದ್ದ ವೊನೇಜ್ ಎಂಬ ಸೇವೆಯನ್ನು ನಾರ್ತ್ ಕೆರೊಲಿನದ ಮ್ಯಾಡಿಸನ್ ರಿವರ್ ಎಂಬ ದೂರವಾಣಿ ಕಂಪನಿಯು ತಡೆದಿತ್ತು. 2005ರಲ್ಲಿ ಆಯೋಗವು ವಿಚಾರಣೆ ನಡೆಸಿದಾಗ ಅದು 15,000 ಡಾಲರುಗಳನ್ನು ತೆತ್ತು, ಇನ್ನು ಮುಂದೆ ತಡೆಯುವುದಿಲ್ಲವೆಂದು ಒಪ್ಪಿಕೊಂಡಿತು. 2007ರಲ್ಲಿ ಕಾಮ್‌ಕಾಸ್ಟ್ ಎಂಬ ದೊಡ್ಡ ಕಂಪನಿಯು ಬಿಟ್‌ಟೊರೆಂಟ್ ಎಂಬ ವಿಧಾನದಿಂದ ಕಡತಗಳನ್ನು ಹಂಚಿಕೊಳ್ಳುವವರಿಗೆ ಗುಟ್ಟಾಗಿ ಅಡ್ಡಿ ಮಾಡುತ್ತಿರುವುದು ಬಯಲಾಯಿತು. ಸುದ್ದಿಸಂಸ್ಥೆಯೊಂದು ಬೈಬಲ್ಲಿನ ಪ್ರತಿಯನ್ನು ಹಾಗೆ ಕಳುಹಿಸಿ ಪರೀಕ್ಷಿಸಿದಾಗ ಅದಕ್ಕೂ ತಡೆಯುಂಟಾಯಿತು! ದಟ್ಟಣೆಯನ್ನು ಕಡಿಮೆ ಮಾಡಲು ಹಾಗೆ ಮಾಡಬೇಕಾಯಿತೆಂಬುದು ಕಂಪನಿಯ ಸಮರ್ಥನೆಯಾಗಿತ್ತು. ಆಯೋಗವು ಅದನ್ನು ನಿಲ್ಲಿಸಲು ಆಜ್ಞಾಪಿಸಿತು. ಆದರೆ ಹಾಗೆ ಆಜ್ಞಾಪಿಸುವ ಅಧಿಕಾರವು ಆಯೋಗಕ್ಕಿಲ್ಲವೆಂದು 2010ರಲ್ಲಿ ನ್ಯಾಯಾಲಯವು ತೀರ್ಪಿತ್ತಿತು. ಅದೇ ವರ್ಷ ಆಯೋಗವು ಮಾಡಿದ ಹೊಸ ನಿಯಮಗಳ ಮುಖ್ಯ ಭಾಗಗಳೂ 2014ರಲ್ಲಿ ಬಿದ್ದುಹೋದುವು. ಕಡೆಗೆ 2015ರ ಫೆಬ್ರವರಿ 26ರಂದು, ಟಾಮ್ ವೀಲರ್ ಅವರ ಅಧ್ಯಕ್ಷತೆಯಲ್ಲಿ ಆಯೋಗವು ಎರಡರ ವಿರುದ್ಧ ಮೂರು ಮತಗಳಿಂದ ಅಂತರಜಾಲ ಸಂಪರ್ಕವನ್ನು 1934ರ ಶಾಸನದ ಸಾರ್ವಜನಿಕ ವಾಹಕ ವಿಭಾಗಕ್ಕೆ ಸೇರಿಸಿ, ಮೂರು ನಿಷೇಧಗಳನ್ನೂ ವಿಧಿಸಿತು.

ಎರಡು ವರ್ಷಗಳಲ್ಲಿ ಗಾಳಿ ಬದಲಾಯಿತು. 2017ರಲ್ಲಿ ಹೊಸ ಅಧ್ಯಕ್ಷರ ಸರ್ಕಾರವು ಬಂದು, ಅಜಿತ್ ಪೈ ಅವರು ಆಯೋಗದ ಮುಖ್ಯಸ್ಥರಾದರು. ಅವರು ಭಾರತದಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ವೈದ್ಯ ದಂಪತಿಗಳ ಮಗ. 2015ರ ನಿಯಮಗಳನ್ನು ರದ್ದುಪಡಿಸಬೇಕೆಂಬುದು ಅವರ ಸಲಹೆ. ಅವರ ಪಕ್ಷದ ವಾದದಲ್ಲಿಯೂ ತೂಕವಿಲ್ಲದಿರಲಿಲ್ಲ. 1934ರ ಶಾಸನವು ದೂರವಾಣಿಯ ಏಕಸ್ವಾಮ್ಯದ ಕಾಲದ್ದು. ಅದನ್ನು ಅಂತರಜಾಲಕ್ಕೆ ತೊಡಿಸಿದರೆ ತಂತಿ ಹಾಕುವುದಕ್ಕೆ ಬಂಡವಾಳ ಹೂಡುವವರು ಹಿಂಜರಿಯುತ್ತಾರೆ. ಅದರಿಂದ ಹಳ್ಳಿಗಳಿಗೇ ನಷ್ಟ. ಅಂತರಜಾಲವು 2015ಕ್ಕೆ ಮೊದಲು ಇಂಥ ಬಿಗಿಯಾದ ಕಟ್ಟಳೆಯಿಲ್ಲದೆಯೇ ಬೆಳೆದಿತು. ಕಂಪನಿಗಳು ತಮ್ಮ ರೀತಿನೀತಿಗಳನ್ನು ಬಹಿರಂಗಪಡಿಸಿದರೆ ಸಾಕು. ತಪ್ಪು ಮಾಡಿದವರನ್ನು ಆಮೇಲೆ ದಂಡಿಸಬಹುದು ಎಂದು ಅವರು ವಾದಿಸಿದರು.

ಇನ್ನೊಂದು ಪಕ್ಷದವರು ಇದನ್ನು ಒಪ್ಪಲಿಲ್ಲ. ಕಂಪನಿಯ ನಡತೆ ಸರಿಬೀಳದಿದ್ದರೆ ಬೇರೊಂದಕ್ಕೆ ಹೋಗಬಹುದೆಂಬ ಮಾತು, ಬೇರೊಂದು ಕಂಪನಿಯೇ ಇಲ್ಲದ ಊರಿನಲ್ಲಿ ಅರ್ಥಹೀನವೆಂದರು. ಹಣ ಕೊಟ್ಟವರಿಗೆ ವೇಗದ ದಾರಿಯನ್ನು ತೆರೆದರೆ ಉಳಿದವರ ದಾರಿ ತಾನಾಗಿಯೇ ನಿಧಾನದ ದಾರಿಯಾಗುತ್ತದೆ. ದೊಡ್ಡ ಕಂಪನಿಗಳು ಆ ಸುಂಕವನ್ನು ತೆರಬಲ್ಲವು, ಹೊಸದಾಗಿ ಹುಟ್ಟಿದ ಸಣ್ಣ ಉದ್ಯಮವು ತೆರಲಾರದು. ತಪ್ಪನ್ನು ಆಮೇಲೆ ದಂಡಿಸುವ ವೇಳೆಗೆ ಅದು ಮುಚ್ಚಿಹೋಗಿರುತ್ತದೆ ಎಂಬುದು ಅವರ ಉತ್ತರ.

ಇಂಥ ನಿಯಮಗಳನ್ನು ಮಾಡುವ ಮುನ್ನ ಪ್ರಜೆಗಳ ಅಭಿಪ್ರಾಯವನ್ನು ಕೇಳಬೇಕೆಂಬುದು ಅಮೆರಿಕದ ಪದ್ಧತಿ. ಯಾರು ಬೇಕಾದರೂ ಆಯೋಗಕ್ಕೆ ಬರೆಯಬಹುದು. 2017ರಲ್ಲಿ ಹೀಗೆ ಬಂದ ಅಭಿಪ್ರಾಯಗಳ ಸಂಖ್ಯೆ 2 ಕೋಟಿ 20 ಲಕ್ಷವನ್ನು ಮೀರಿತು. ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ದೊಡ್ಡ ಗೆಲುವು ಯಾವುದಿದ್ದೀತು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಅವರು ದೀರ್ಘಕಾಲ ತನಿಖೆ ನಡೆಸಿ 2021ರ ಮೇ ತಿಂಗಳಿನಲ್ಲಿ ಪ್ರಕಟಿಸಿದ ವರದಿಯು ಬೇರೊಂದು ಸತ್ಯವನ್ನು ತೆರೆದು ತೋರಿಸಿತು. ಆ ಅಭಿಪ್ರಾಯಗಳಲ್ಲಿ ಸುಮಾರು 1 ಕೋಟಿ 80 ಲಕ್ಷ ನಕಲಿಯಾಗಿದ್ದುವು. ಅವುಗಳಲ್ಲಿ 85 ಲಕ್ಷಕ್ಕೂ ಹೆಚ್ಚಿನವು ಸಂಪರ್ಕ ಕಂಪನಿಗಳ ಹಣದಿಂದ ನಡೆದ ಪ್ರಚಾರದ ಫಲ. ತಮಗರಿವಿಲ್ಲದೆಯೇ ತಮ್ಮ ಹೆಸರೂ ವಿಳಾಸವೂ ರದ್ದತಿಯ ಪರವಾಗಿ ಬಳಕೆಯಾದುದನ್ನು ಕಂಡು ಜನ ಬೆರಗಾದರು. ಎದುರು ಪಕ್ಷವೂ ನಿರ್ಮಲವಾಗಿರಲಿಲ್ಲ. ಕ್ಯಾಲಿಫೋರ್ನಿಯದ 19 ವರ್ಷದ ವಿದ್ಯಾರ್ಥಿಯೊಬ್ಬನು ಕಂಪ್ಯೂಟರಿನ ನೆರವಿನಿಂದ ಇಲ್ಲದ ಹೆಸರುಗಳನ್ನು ಸೃಷ್ಟಿಸಿ, ತಟಸ್ಥತೆಯ ಪರವಾಗಿ 77 ಲಕ್ಷ ಅಭಿಪ್ರಾಯಗಳನ್ನು ತಾನೊಬ್ಬನೇ ಕಳುಹಿಸಿದ್ದನು!

ಈ ರಾಶಿಯಲ್ಲಿ ನಿಜವಾದ ಕಾಳು ಇರಲಿಲ್ಲವೆಂದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 2018ರಲ್ಲಿ, ಅಚ್ಚುಹಾಕಿದಂತಿದ್ದ ಪತ್ರಗಳನ್ನೆಲ್ಲ ಬದಿಗಿಟ್ಟು, ಸ್ವಂತ ಮಾತಿನಲ್ಲಿ ಬರೆದ ಸುಮಾರು 8 ಲಕ್ಷ ಪತ್ರಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ನೂರಕ್ಕೆ 99.7ರಷ್ಟು ರದ್ದತಿಯನ್ನು ವಿರೋಧಿಸುತ್ತಿದ್ದುವು. ಆದರೆ ಹೊಟ್ಟಿನ ಬೆಟ್ಟದ ಕೆಳಗೆ ಈ ಕಾಳು ಹೂತುಹೋಗಿತ್ತು. ಪತ್ರಗಳ ಎಣಿಕೆಗಿಂತ ಕಾನೂನಿನ ವಾದಗಳಿಗೇ ಬೆಲೆಯೆಂದು ಆಯೋಗವು ಹೇಳುವುದಕ್ಕೆ ಇದರಿಂದ ಅನುಕೂಲವೇ ಆಯಿತು. 77 ಲಕ್ಷ ಸುಳ್ಳುಗಳನ್ನು ಕಳುಹಿಸಿದ ಯುವಕನು ತನ್ನ ಪಕ್ಷಕ್ಕೆ ಬಲ ತಂದೆನೆಂದು ಎಣಿಸಿರಬಹುದು. ಅವನು ನಿಜವಾಗಿ ಮಾಡಿದುದು, ತನ್ನ ಪಕ್ಷದ ಪ್ರಾಮಾಣಿಕರ ಮಾತಿನ ಮೇಲೂ ಸಂಶಯ ಹುಟ್ಟುವಂತೆ ಮಾಡಿದುದು.

2017ರ ಡಿಸೆಂಬರ್ 14ರಂದು ಆಯೋಗವು ಮತ್ತೆ ಎರಡರ ವಿರುದ್ಧ ಮೂರು ಮತಗಳಿಂದ ನಿಯಮಗಳನ್ನು ರದ್ದುಪಡಿಸಿತು. ಈ ನಿರ್ಧಾರವು 2018ರ ಜೂನ್ 11ರಂದು ಜಾರಿಗೆ ಬಂದಿತು. ಅದೇ ವರ್ಷ ಕ್ಯಾಲಿಫೋರ್ನಿಯ ರಾಜ್ಯವು ತನ್ನದೇ ಆದ ತಟಸ್ಥತಾ ಶಾಸನವನ್ನು ಮಾಡಿಕೊಂಡಿತು. ರದ್ದತಿಯಾದೊಡನೆ ಅಂತರಜಾಲವೇ ಕುಸಿಯುತ್ತದೆಂದು ಕೆಲವರು ಹೆದರಿದ್ದರು; ಹಾಗೇನೂ ಆಗಲಿಲ್ಲ. ಆ ಭಯವೇ ಆಧಾರವಿಲ್ಲದ್ದೆಂದು ಒಂದು ಪಕ್ಷದವರೆಂದರೆ, ರಾಜ್ಯಗಳ ಶಾಸನಗಳೂ ಜನರ ಎಚ್ಚರವೂ ಕಂಪನಿಗಳನ್ನು ಹದ್ದಿನಲ್ಲಿಟ್ಟುವೆಂದು ಇನ್ನೊಂದು ಪಕ್ಷದವರೆಂದರು. 2024ರ ಏಪ್ರಿಲ್‌ನಲ್ಲಿ ಬೇರೊಂದು ಸರ್ಕಾರದ ಕಾಲದ ಆಯೋಗವು ಅದೇ ಮೂರು-ಎರಡು ಮತಗಳಿಂದ ನಿಯಮಗಳನ್ನು ಮರಳಿ ತಂದಿತು. 2025ರ ಜನವರಿ 2ರಂದು ಮೇಲ್ಮನವಿ ನ್ಯಾಯಾಲಯವೊಂದು, ಆಯೋಗಕ್ಕೆ ಆ ಅಧಿಕಾರವನ್ನು ಶಾಸನವು ಕೊಟ್ಟಿಲ್ಲವೆಂದು ಅವುಗಳನ್ನು ತಳ್ಳಿಹಾಕಿತು. ಅಮೆರಿಕದ ಸಂಸತ್ತು ಈ ವಿಷಯದಲ್ಲಿ ಸ್ಪಷ್ಟವಾದ ಶಾಸನವನ್ನು ಮಾಡದೆ ಉಳಿದುದೇ ಈ ಏರಿಳಿತಗಳಿಗೆಲ್ಲ ಮೂಲ.

ಭಾರತದಲ್ಲಿಯೂ ಇದೇ ಪ್ರಶ್ನೆ ಎದ್ದಿತ್ತು. 2015ರಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವು ಜನಾಭಿಪ್ರಾಯವನ್ನು ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಪತ್ರಗಳು ಬಂದುವು. ಅನಂತರ ಫೇಸ್‌ಬುಕ್ ಕಂಪನಿಯು ಆಯ್ದ ಕೆಲವು ತಾಣಗಳನ್ನು ಮಾತ್ರ ಉಚಿತವಾಗಿ ನೀಡುವ 'ಫ್ರೀ ಬೇಸಿಕ್ಸ್' ಯೋಜನೆಯ ಪರವಾಗಿ ಒಂದೇ ಒಕ್ಕಣೆಯ ಲಕ್ಷಾಂತರ ಪತ್ರಗಳನ್ನು ಜನರಿಂದ ಬರೆಯಿಸಿತು. ತಾನು ಕೇಳಿದ ಪ್ರಶ್ನೆಗಳಿಗೆ ಅವು ಉತ್ತರವೇ ಅಲ್ಲವೆಂದು ಪ್ರಾಧಿಕಾರವು ಆಕ್ಷೇಪಿಸಿತು. 2016ರ ಫೆಬ್ರವರಿ 8ರಂದು, ತಾಣದಿಂದ ತಾಣಕ್ಕೆ ಬೇರೆ ಬೇರೆ ದರ ವಿಧಿಸುವುದನ್ನು ಅದು ನಿಷೇಧಿಸಿತು. 2018ರಲ್ಲಿ ಕೇಂದ್ರ ಸರ್ಕಾರವು ತಟಸ್ಥತೆಯ ತತ್ತ್ವವನ್ನು ಅಂಗೀಕರಿಸಿತು.

ದಾರಿಯು ನಿಷ್ಪಕ್ಷಪಾತವಾಗಿರಬೇಕೆಂದು ಕೇಳುವ ಹಕ್ಕು ಪ್ರಜೆಗಳಿಗಿದೆ. ಆದರೆ ಆ ದಾರಿಯಲ್ಲಿ ಸಾಗುವ ಮಾತು ಸತ್ಯವಾಗಿರುವಂತೆ ನೋಡಿಕೊಳ್ಳುವ ಹೊಣೆ ಯಾವ ಯಂತ್ರಕ್ಕೂ ಸೇರಿದುದಲ್ಲ, ಅದು ಮಾತನಾಡುವವರದೇ. ಸಭೆಯಲ್ಲಿ ಕೈಯೆತ್ತುವವನು ತನ್ನ ಒಂದು ಕೈಯನ್ನು ಮಾತ್ರ ಎತ್ತಬೇಕು. ಅದನ್ನು ತಾನೇ ಯೋಚಿಸಿ ಎತ್ತಬೇಕು. ನಾಳೆ ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ಇಂದು ಶಾಲೆಗಳಲ್ಲಿ ಓದುತ್ತಿರುವವರೇ. ಅವರು ಸ್ವಂತ ಮಾತಿನಲ್ಲಿ, ಸ್ವಂತ ಹೆಸರಿನಲ್ಲಿ ಬರೆಯುವ ಒಂದು ಪತ್ರವು ಯಂತ್ರವು ಬರೆಯುವ ಲಕ್ಷ ಪತ್ರಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.