ಅನ್ನದ ಹಾದಿಯಲ್ಲಿ ವಲಸೆ ಕಾರ್ಮಿಕರು

ಮಳೆ ಕೈಕೊಟ್ಟಾಗ ಅಥವಾ ಸುಗ್ಗಿ ಮುಗಿದ ಮೇಲೆ ದುಡಿಮೆಯನ್ನು ಅರಸಿ ಊರು ಬಿಡುವುದನ್ನು ಉತ್ತರ ಕರ್ನಾಟಕದ ಜನರು 'ಗುಳೆ ಹೋಗುವುದು' ಎನ್ನುತ್ತಾರೆ. ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳ ಕುಟುಂಬಗಳು ಬೆಂಗಳೂರು, ಮುಂಬಯಿ, ಗೋವೆಗಳತ್ತ ಹೊರಡುವಂತೆಯೇ ಬಿಹಾರ, ಜಾರ್ಖಂಡ್ ಮತ್ತು ಉತ್ತರ ಪ್ರದೇಶದ ಹಳ್ಳಿಗಳ ಜನರು ದೆಹಲಿಯತ್ತ ಹೊರಡುತ್ತಾರೆ. ದೆಹಲಿ ಹಾಗೂ ಅದನ್ನು ಸುತ್ತುವರಿದ ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನಗಳ ಜಿಲ್ಲೆಗಳು ಸೇರಿ ರಾಷ್ಟ್ರ ರಾಜಧಾನಿ ಪ್ರದೇಶವೆನಿಸಿವೆ. ಇಲ್ಲಿ ಕಟ್ಟಡಗಳನ್ನು ಕಟ್ಟುವ ವಲಸೆಗಾರರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಆದರೆ ಈ ಮಹಾನಗರದ ಜನರಿಗೆ ಅನ್ನ, ತರಕಾರಿ, ಹಣ್ಣುಗಳನ್ನು ಬೆಳೆದು, ಹೊತ್ತು, ಶುಚಿಗೊಳಿಸಿ, ಬೇಯಿಸಿ ಬಡಿಸುವ ವಲಸೆಗಾರರು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಅವರ ದುಡಿಮೆಯ ಸ್ಥಿತಿಗತಿಯನ್ನೂ, ಅವರಿಗೆ ಕಾನೂನು ನೀಡಿರುವ ರಕ್ಷಣೆಯನ್ನೂ, ಆ ರಕ್ಷಣೆ ಕೈಗೆ ಸಿಗಲು ಇರುವ ತೊಡಕುಗಳನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಹೊಲದಲ್ಲಿ

ದೆಹಲಿಯ ಯಮುನಾ ನದಿಯ ಬಯಲಿನಲ್ಲಿ ಇಂದಿಗೂ ತರಕಾರಿ ಬೇಸಾಯ ನಡೆಯುತ್ತಿದೆ. ಬೇಸಾಯಗಾರರಲ್ಲಿ ಅನೇಕರು ಉತ್ತರ ಪ್ರದೇಶ, ಬಿಹಾರಗಳಿಂದ ಬಂದವರು. ಬಾಯಿಮಾತಿನ ಗೇಣಿಗೆ ತುಂಡು ಭೂಮಿ ಹಿಡಿದು, ಅದರ ಅಂಚಿನಲ್ಲೇ ಗುಡಿಸಲು ಹಾಕಿಕೊಂಡು ಬಾಳುವವರು. 2023ರ ಜುಲೈ 13ರಂದು ಹಳೆಯ ರೈಲ್ವೆ ಸೇತುವೆಯ ಬಳಿ ನೀರಿನ ಮಟ್ಟ 208.66 ಮೀಟರ್ ತಲುಪಿ, 1978ರ 207.49 ಮೀಟರಿನ ದಾಖಲೆಯನ್ನು ಮೀರಿತು. ಇಂತಹ ಪ್ರವಾಹದಲ್ಲಿ ಗೇಣಿದಾರನಿಗೆ ಬೆಳೆ, ಮನೆ, ಸಾಮಾನು ಮೂರೂ ಒಮ್ಮೆಗೇ ಹೋಗುತ್ತವೆ. ಭೂಮಿಯ ದಾಖಲೆಯಲ್ಲಿ ಅವನ ಹೆಸರಿಲ್ಲದ ಕಾರಣ ಬೆಳೆ ಪರಿಹಾರವನ್ನು ಕೇಳುವುದು ಕಷ್ಟ. ಭೂಹಿಡುವಳಿಯುಳ್ಳ ಕುಟುಂಬಗಳಿಗಾಗಿ ಇರುವ ಪಿಎಂ-ಕಿಸಾನ್ ನೆರವೂ ಅವನಿಗೆ ದೊರೆಯದು.

ಉತ್ತರದ ಸೋನಿಪತ್ ಜಿಲ್ಲೆಯಲ್ಲಿ ಚಿತ್ರ ಬೇರೆ. ಅಂತರ್ಜಲವನ್ನು ಉಳಿಸುವ ಸಲುವಾಗಿ 2009ರ ಹರಿಯಾಣ ಕಾಯಿದೆಯು ಜೂನ್ 15ಕ್ಕೆ ಮೊದಲು ಭತ್ತದ ನಾಟಿಯನ್ನು ನಿಷೇಧಿಸಿತು. ನಾಟಿಯ ಕೆಲಸವೆಲ್ಲ ಕೆಲವೇ ವಾರಗಳಲ್ಲಿ ಒತ್ತರಿಸಿಕೊಂಡು ಬರಲು ಇದೂ ಒಂದು ಕಾರಣ. ಆ ವಾರಗಳಿಗಾಗಿ ಬಿಹಾರದಿಂದ ತಂಡಗಳು ಬರುತ್ತವೆ. ಕೂಲಿ ದಿನದ ಲೆಕ್ಕದಲ್ಲಿಲ್ಲ. ಎಕರೆಗೆ ಇಷ್ಟೆಂದು ತಂಡದ ಮುಖಂಡನೊಡನೆ ಮಾತಾಗುತ್ತದೆ. ಕೂಲಿಯನ್ನು ತಂಡದೊಳಗೆ ಹಂಚಿದ ಮೇಲೆ ಒಬ್ಬೊಬ್ಬರಿಗೆ ದಿನಕ್ಕೆ ಎಷ್ಟು ಬಿದ್ದಿತು, ಅದು ಕನಿಷ್ಠ ವೇತನಕ್ಕೆ ಸಮವಾಯಿತೇ ಎಂಬ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಅಣಬೆ ಬೇಸಾಯಕ್ಕೂ ಈ ಜಿಲ್ಲೆ ಹೆಸರಾದುದು. ಹುಲ್ಲು ಹೊದಿಸಿದ ಶೆಡ್ಡುಗಳ ಕತ್ತಲಿನಲ್ಲಿ, ಗೊಬ್ಬರದ ತೇವದ ನಡುವೆ ಚಳಿಗಾಲದುದ್ದಕ್ಕೂ ಕೊಯ್ಲು ನಡೆಯುತ್ತದೆ.

ಒಕ್ಕಣೆ ಯಂತ್ರ ಮತ್ತು ಮೇವು ಕತ್ತರಿಸುವ ಯಂತ್ರಗಳಲ್ಲಿ ಕೈ ಸಿಕ್ಕಿಕೊಳ್ಳುವುದು ಈ ಸೀಮೆಯ ಹಳೆಯ ಅಪಾಯ. ಒಕ್ಕಣೆ ಯಂತ್ರದ ಅವಘಡಗಳ ಹಿನ್ನೆಲೆಯಲ್ಲಿ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಅಂಗೀಕರಿಸಿತು. ದೆಹಲಿಯ ಐಐಟಿ ಸಂಸ್ಥೆಯ ಸಂಶೋಧಕರು ಹರಿಯಾಣದ ಹಳ್ಳಿಗಳಲ್ಲಿ ಮೇವು ಕತ್ತರಿಯಿಂದಾದ ಗಾಯಗಳನ್ನು ಅಧ್ಯಯನ ಮಾಡಿ ಸುರಕ್ಷಿತ ವಿನ್ಯಾಸಗಳನ್ನು ಸೂಚಿಸಿದರು. ಯಂತ್ರಕ್ಕೆ ಕಾಪು ಹಾಕಿಸುವ ಖರ್ಚು ಅಲ್ಪ. ಕೈ ಕಳೆದುಕೊಂಡವನ ನಷ್ಟ ಜೀವಮಾನದ್ದು.

ಮಂಡಿಯಲ್ಲಿ

1977ರಲ್ಲಿ ಆರಂಭವಾದ ಆಜಾದ್‌ಪುರ ಮಂಡಿ ದೇಶದ ಅತಿ ದೊಡ್ಡ ಹಣ್ಣು-ತರಕಾರಿ ಸಗಟು ಮಾರುಕಟ್ಟೆಗಳಲ್ಲಿ ಒಂದು. ಹಿಮಾಚಲ, ಕಾಶ್ಮೀರಗಳ ಸೇಬು, ನಾಸಿಕದ ಈರುಳ್ಳಿ, ಉತ್ತರ ಪ್ರದೇಶದ ಆಲೂಗಡ್ಡೆ ರಾತ್ರಿಯಿಡೀ ಲಾರಿಗಳಲ್ಲಿ ಬಂದಿಳಿಯುತ್ತವೆ. ಕರ್ನಾಟಕದ ಎಪಿಎಂಸಿ ಪ್ರಾಂಗಣಗಳಲ್ಲಿ ಹಮಾಲರು ಮಾಡುವ ಕೆಲಸವನ್ನು ಇಲ್ಲಿ 'ಪಲ್ಲೇದಾರ'ರು ಮಾಡುತ್ತಾರೆ. ಇವರಲ್ಲಿ ಹೆಚ್ಚಿನವರು ಬಿಹಾರ ಮತ್ತು ಉತ್ತರ ಪ್ರದೇಶದವರು.

ಇವರ ಕೂಲಿ ಚೀಲದ ಲೆಕ್ಕದಲ್ಲಿ. ಚೀಲವೊಂದಕ್ಕೆ 50 ಕಿಲೋ ಎಂದಿಟ್ಟುಕೊಂಡರೆ 10 ಟನ್ನಿನ ಲಾರಿಯಲ್ಲಿ 200 ಚೀಲಗಳಿರುತ್ತವೆ. ನಾಲ್ವರು ಅದನ್ನು ಇಳಿಸಿದರೆ ಒಬ್ಬೊಬ್ಬನೂ ಎರಡೂವರೆ ಟನ್ ಹೊತ್ತಂತಾಯಿತು. ಅದೂ ಒಂದೇ ಲಾರಿಗೆ. ವಯಸ್ಕ ಪುರುಷನೊಬ್ಬ ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿ ಶಿಫಾರಸು ಮಾಡಿತ್ತು. ಚೀಲ ಈ ಮಿತಿಯೊಳಗಿದ್ದರೂ ದಿನಕ್ಕೆ ಎಷ್ಟು ಬಾರಿ ಹೊರಬೇಕೆಂಬುದಕ್ಕೆ ಮಿತಿಯಿಲ್ಲ. ಹೆಚ್ಚು ಹೊತ್ತರಷ್ಟೇ ಹೆಚ್ಚು ಕೂಲಿ. ಹೀಗಾಗಿ ಬೆನ್ನು, ಮಂಡಿಗಳು ಸವೆಯುವ ಹೊತ್ತಿಗೆ ಸಂಪಾದನೆಯೂ ಇಳಿಯುತ್ತದೆ.

ಗಿರಣಿಯಲ್ಲಿ, ಅಡುಗೆಮನೆಯಲ್ಲಿ

ಸೋನಿಪತ್ ಜಿಲ್ಲೆಯ ರಾಯ್, ಕುಂಡ್ಲಿ ಭಾಗದಲ್ಲಿ ಆಹಾರ ಸಂಸ್ಕರಣೆಯ ಕಾರ್ಖಾನೆಗಳೂ ಅಕ್ಕಿ ಗಿರಣಿಗಳೂ ಇವೆ. ಅಲ್ಲಿಂದ ಮುಂದೆ ಮುರ್ಥಲ್‌ನ ಹೆದ್ದಾರಿಯುದ್ದಕ್ಕೂ ಧಾಬಾಗಳಿವೆ. ಗಿರಣಿಯಲ್ಲಿ ತೌಡಿನ ದೂಳು, ಅಡುಗೆಮನೆಯಲ್ಲಿ ತಂದೂರಿನ ಬೇಗೆ. ಸಣ್ಣ ಹೋಟೆಲುಗಳಲ್ಲಿ ಕೆಲಸಗಾರರು ದುಡಿದ ಜಾಗದಲ್ಲೇ ಮಲಗುವುದು ಸಾಮಾನ್ಯವಾದುದರಿಂದ ಕೆಲಸದ ವೇಳೆಗೂ ವಿಶ್ರಾಂತಿಯ ವೇಳೆಗೂ ಗೆರೆಯೇ ಉಳಿಯುವುದಿಲ್ಲ. ಹೋಟೆಲು, ಧಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಯಿತು. 2016ರ ತಿದ್ದುಪಡಿಯು ಈ ನಿಷೇಧವನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ಶಾಲೆಯ ವೇಳೆಯ ಹೊರಗೆ ಸ್ವಂತ ಕುಟುಂಬದ ಕಸುಬಿನಲ್ಲಿ ನೆರವಾಗುವುದಕ್ಕೆ ಮಾತ್ರ ಕೆಲವು ಕಟ್ಟುಪಾಡುಗಳೊಡನೆ ವಿನಾಯಿತಿ ನೀಡಲಾಗಿದೆ.

ಮಾಲೀಕನಾರು?

ಹೊಲ, ಮಂಡಿ, ಗಿರಣಿ, ಧಾಬಾ ಈ ನಾಲ್ಕು ಕಡೆಗಳಲ್ಲೂ ಎದುರಾಗುವ ತೊಡಕು ಒಂದೇ. ಕಾರ್ಮಿಕ ಕಾನೂನು ಮಾಲೀಕನ ಮೇಲೆ ಹೊಣೆ ಹೊರಿಸುತ್ತದೆ. ಆದರೆ ನಾಟಿಯ ತಂಡಕ್ಕೆ ಮಾಲೀಕ ಭೂಮಿಯ ಒಡೆಯನೋ, ತಂಡದ ಮುಖಂಡನೋ? ಒಂದೇ ರಾತ್ರಿ ಐದು ದಲಾಲರ ಸರಕು ಇಳಿಸಿದ ಪಲ್ಲೇದಾರನಿಗೆ ಐವರಲ್ಲಿ ಯಾರು ಮಾಲೀಕರು? ಗಿರಣಿಗೆ ಗುತ್ತಿಗೆದಾರನ ಮೂಲಕ ಬಂದವನ ಹೆಸರು ಯಾರ ಪುಸ್ತಕದಲ್ಲಿದೆ? ದುಡಿದುದಕ್ಕೆ ಬರಹದ ಗುರುತು ಇಲ್ಲದಿರುವಾಗ ಹಕ್ಕು ಇದ್ದೂ ಇಲ್ಲದಂತಾಗುತ್ತದೆ.

ಈ ಕೊರತೆಯ ಬೆಲೆ ಎಷ್ಟೆಂಬುದು 2020ರಲ್ಲಿ ಇಡೀ ದೇಶಕ್ಕೆ ತಿಳಿಯಿತು. ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಗೆ ಬಂದ ಕೆಲವೇ ದಿನಗಳಲ್ಲಿ ದೆಹಲಿಯ ಆನಂದ್ ವಿಹಾರ್ ಬಸ್ ನಿಲ್ದಾಣದಲ್ಲಿ ಊರಿಗೆ ಹೊರಟವರ ಜನಸಾಗರವೇ ಸೇರಿತು. ಬಸ್ಸು ಸಿಗದವರು ಹೆದ್ದಾರಿಯಲ್ಲಿ ನಡೆದೇ ಹೊರಟರು. ಅದೇ ವೇಳೆಗೆ ಆಜಾದ್‌ಪುರ ಮಂಡಿಯಲ್ಲಿ ವಹಿವಾಟು ಮುಂದುವರಿದಿತ್ತು. ಏಪ್ರಿಲ್-ಮೇ ತಿಂಗಳುಗಳಲ್ಲಿ ಅಲ್ಲಿಯೂ ಸೋಂಕು ಕಾಣಿಸಿಕೊಂಡಿತು. ಒಂದು ಕೋಟಿಗೂ ಹೆಚ್ಚು ವಲಸೆ ಕಾರ್ಮಿಕರು ತವರು ರಾಜ್ಯಗಳಿಗೆ ಮರಳಿದರೆಂದು ಕೇಂದ್ರ ಕಾರ್ಮಿಕ ಸಚಿವಾಲಯವು ಆ ವರ್ಷದ ಸೆಪ್ಟೆಂಬರಿನಲ್ಲಿ ಸಂಸತ್ತಿಗೆ ತಿಳಿಸಿತು. ಹಾದಿಯಲ್ಲಿ ಮೃತಪಟ್ಟವರ ಅಂಕಿಅಂಶಗಳನ್ನು ಇಟ್ಟಿಲ್ಲವೆಂದೂ ಹೇಳಿತು. ಎಲ್ಲಿಯೂ ಹೆಸರು ಬರೆಸಿಕೊಳ್ಳದೆ ಬಂದವರು ಲೆಕ್ಕಕ್ಕೆ ಸಿಗದೆ ಮರಳಿದ್ದರು.

ಕಾನೂನು ಬೆಳೆದ ಬಗೆ

ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯನ್ನು ಸಂಸತ್ತು 1979ರಲ್ಲಿ ಅಂಗೀಕರಿಸಿತ್ತು. ಗುತ್ತಿಗೆದಾರನಿಗೆ ಪರವಾನಗಿ, ಕಾರ್ಮಿಕನಿಗೆ ಪಾಸ್ ಪುಸ್ತಕ, ಪ್ರಯಾಣ ಭತ್ಯೆ, ಸ್ಥಳಾಂತರ ಭತ್ಯೆ ಅದರ ಮುಖ್ಯಾಂಶಗಳು. ಐದು ಅಥವಾ ಅದಕ್ಕಿಂತ ಹೆಚ್ಚು ವಲಸೆಗಾರರಿದ್ದಲ್ಲಿ ಅದು ಅನ್ವಯಿಸುತ್ತಿತ್ತು. ಆದರೆ ಗುತ್ತಿಗೆದಾರನಿಲ್ಲದೆ ತಾನಾಗಿಯೇ ರೈಲು ಹತ್ತಿ ಬಂದವನು ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ.

ನ್ಯಾಯಾಲಯದ ತೀರ್ಪುಗಳೂ ದಾರಿ ತೋರಿದವು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲಾತ್ಕಾರದ ದುಡಿಮೆಯೇ ಎಂದು ತೀರ್ಪಿತ್ತಿತು. ಫರೀದಾಬಾದಿನ ಕಲ್ಲುಗಣಿಗಳ ಮೊಕದ್ದಮೆಯಲ್ಲಿ, 1983ರ ಡಿಸೆಂಬರಿನಲ್ಲಿ, ಬಲಾತ್ಕಾರದ ದುಡಿಮೆ ಕಂಡುಬಂದರೆ ಅದರ ಹಿಂದೆ ಮುಂಗಡದ ಸಾಲವಿದೆಯೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು ಎಂದಿತು. ಮುಂಗಡ ಕೊಟ್ಟು ಕೆಲಸ ಬಿಡದಂತೆ ಕಟ್ಟಿಹಾಕುವುದು 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆಯಂತೆ ಅಪರಾಧ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1979ರ ಕಾಯಿದೆಯ ಸ್ಥಾನವನ್ನು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಪಡೆಯಿತು. ಇದರಂತೆ ತಾನಾಗಿಯೇ ಬಂದು ಕೆಲಸ ಹಿಡಿದವನೂ ಅಂತರರಾಜ್ಯ ವಲಸೆ ಕಾರ್ಮಿಕನೆನಿಸುತ್ತಾನೆ. ನೇಮಕ ಪತ್ರ, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಪ್ರಯಾಣ ವೆಚ್ಚ ಮುಂತಾದವು ಇದರಲ್ಲಿ ಸೇರಿವೆ. ಹಿಂದಿನ ಸ್ಥಳಾಂತರ ಭತ್ಯೆ ಮಾತ್ರ ಇದರಲ್ಲಿಲ್ಲ.

ವೇತನ ಸಂಹಿತೆಯು ಕನಿಷ್ಠ ವೇತನದ ಹಕ್ಕನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿದೆ. ಹೆಚ್ಚುವರಿ ವೇಳೆಯ ದುಡಿಮೆಗೆ ಎರಡರಷ್ಟು ವೇತನ ಸಲ್ಲಬೇಕು. ಬಾಕಿ ವೇತನವನ್ನು ಮೂರು ವರ್ಷಗಳೊಳಗೆ ಕೇಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ವೇತನ ಸಂದಿಲ್ಲವೆಂದು ಕಾರ್ಮಿಕನು ದೂರಿದಾಗ ಸಂದಿದೆಯೆಂದು ರುಜುವಾತು ಪಡಿಸುವ ಹೊಣೆ ಮಾಲೀಕನ ಮೇಲಿದೆ.

ಉಳಿದಿರುವ ಕೊರತೆಗಳು

ವಲಸೆಗಾರರ ವಿಶೇಷ ರಕ್ಷಣೆ ಅನ್ವಯಿಸಬೇಕಾದರೆ ಒಂದು ಸಂಸ್ಥೆಯಲ್ಲಿ ಕನಿಷ್ಠ 10 ಮಂದಿ ಅಂತರರಾಜ್ಯ ವಲಸೆಗಾರರಿರಬೇಕು. ಐದಿದ್ದುದು ಹತ್ತಾದುದರಿಂದ ನಾಲ್ಕಾರು ಆಳುಗಳ ಧಾಬಾ, ಸಣ್ಣ ಅಣಬೆ ಶೆಡ್ಡು ಹೊರಗುಳಿಯುತ್ತವೆ. ಕೃಷಿಗೆ ಐವರಿಗಿಂತ ಹೆಚ್ಚು ಜನರನ್ನು ನೇಮಿಸದ ಮಾಲೀಕನು ವೇತನ ವಹಿಯನ್ನು ಇಡಬೇಕಾಗಿಲ್ಲ, ವೇತನ ಚೀಟಿಯನ್ನು ಕೊಡಬೇಕಾಗಿಲ್ಲ. ಅಧಿಕಾರಿ ಕೇಳಿದಾಗ ಕೂಲಿ ಕೊಟ್ಟುದಕ್ಕೆ ತಕ್ಕ ಆಧಾರವನ್ನು ತೋರಿಸಿದರೆ ಸಾಕು.

ಇನ್ನೊಂದು ಅಂಶವೂ ಗಮನಾರ್ಹ. ಅಂತರರಾಜ್ಯ ವಲಸೆ ಕಾರ್ಮಿಕನೆನಿಸಲು ತಿಂಗಳ ವೇತನ 18,000 ರೂಪಾಯಿಗಳನ್ನು, ಅಥವಾ ಕೇಂದ್ರ ಸರ್ಕಾರವು ಅಧಿಸೂಚಿಸುವ ಅದಕ್ಕೂ ಹೆಚ್ಚಿನ ಮೊತ್ತವನ್ನು, ಮೀರಿರಬಾರದು. 2025ರ ಏಪ್ರಿಲ್ 1ರಿಂದ ದೆಹಲಿಯಲ್ಲಿ ನಿಗದಿಯಾದ ಅಕುಶಲ ಕಾರ್ಮಿಕರ ಕನಿಷ್ಠ ವೇತನವೇ 18,456 ರೂಪಾಯಿ. ನ್ಯಾಯವಾದ ವೇತನ ಪಡೆದವನು ಆ ಕಾರಣಕ್ಕೇ ರಕ್ಷಣೆಯ ಹೊರಗೆ ಬೀಳದಂತೆ ಈ ಮಿತಿಯನ್ನು ಕಾಲಕಾಲಕ್ಕೆ ಏರಿಸಬೇಕಾಗುತ್ತದೆ. ರಾಜಧಾನಿ ಪ್ರದೇಶವು ಹಲವು ರಾಜ್ಯಗಳಲ್ಲಿ ಹರಡಿರುವುದರಿಂದ ದೆಹಲಿಯ ನರೇಲಾದಿಂದ ಗಡಿ ದಾಟಿ ಕುಂಡ್ಲಿಗೆ ಕಾಲಿಟ್ಟರೆ ಕನಿಷ್ಠ ವೇತನದ ದರವೂ ಬದಲಾಗುತ್ತದೆ. 2025ರಲ್ಲಿ ಹರಿಯಾಣ, ಉತ್ತರ ಪ್ರದೇಶಗಳ ದರಗಳು ದೆಹಲಿಯ ದರಕ್ಕಿಂತ ಬಹಳ ಕೆಳಗಿದ್ದವು.

ಮಾಲೀಕರು ಹಲವರಿರುವ ಹಮಾಲಿ ಕೆಲಸಕ್ಕೆ ಪರಿಹಾರವೇ ಇಲ್ಲವೆಂದಲ್ಲ. ಮಹಾರಾಷ್ಟ್ರವು 1969ರಲ್ಲಿ ಮಾಥಾಡಿ ಕಾಯಿದೆಯನ್ನು ತಂದಿತು. ಅಲ್ಲಿ ಸರ್ಕಾರ, ವರ್ತಕರು, ಕಾರ್ಮಿಕರು ಮೂವರೂ ಇರುವ ಮಂಡಳಿಯಲ್ಲಿ ಹಮಾಲರೂ ವರ್ತಕರೂ ಹೆಸರು ನೋಂದಾಯಿಸುತ್ತಾರೆ. ವರ್ತಕರು ಕೂಲಿಯೊಡನೆ ನಿಗದಿತ ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾರೆ. ಕೂಲಿ, ಭವಿಷ್ಯ ನಿಧಿ, ರಜೆ, ವೈದ್ಯಕೀಯ ನೆರವು ಮಂಡಳಿಯ ಮೂಲಕ ಸಲ್ಲುತ್ತವೆ. ಮಾಲೀಕರು ಐವರಿರಲಿ, ಐವತ್ತು ಮಂದಿಯಿರಲಿ, ಕಾರ್ಮಿಕನ ಲೆಕ್ಕ ಒಂದೇ ಕಡೆ ಇರುತ್ತದೆ. ಕರ್ನಾಟಕದಲ್ಲಿಯೂ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯು ಅಂಬೇಡ್ಕರ್ ಸಹಾಯ ಹಸ್ತ ಯೋಜನೆಯಡಿ ಹಮಾಲರನ್ನು ನೋಂದಾಯಿಸಿ ಗುರುತಿನ ಚೀಟಿ ನೀಡಿದೆ.

ಊರು ಬದಲಾದರೂ ಉಳಿಯುವ ಸೌಲಭ್ಯಗಳು

ಮಾಲೀಕನ ದಾಖಲೆಯನ್ನು ಅವಲಂಬಿಸದೆ ಕಾರ್ಮಿಕನ ಜೊತೆಗೇ ಸಾಗುವ ಕೆಲವು ಸೌಲಭ್ಯಗಳೂ ಇಂದು ಇವೆ.

1. ಒಂದು ದೇಶ ಒಂದು ಪಡಿತರ ಚೀಟಿ: 2019ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾದ ಈ ವ್ಯವಸ್ಥೆ 2021ರ ಜುಲೈಯಲ್ಲಿ ದೆಹಲಿಯಲ್ಲಿ ಜಾರಿಗೆ ಬಂದು, 2022ರ ಜೂನ್ ವೇಳೆಗೆ ದೇಶವನ್ನೆಲ್ಲ ವ್ಯಾಪಿಸಿತು. ಆಹಾರ ಭದ್ರತಾ ಕಾಯಿದೆಯ ಫಲಾನುಭವಿಯು ಆಧಾರ್ ದೃಢೀಕರಣದ ಮೂಲಕ ಯಾವುದೇ ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು. ಊರಿನಲ್ಲಿರುವ ಕುಟುಂಬದವರು ತಮ್ಮ ಪಾಲನ್ನು ಅಲ್ಲಿಯೇ ಪಡೆಯಬಹುದು.

2. ಇ-ಶ್ರಮ್: ಅಸಂಘಟಿತ ಕಾರ್ಮಿಕರ ಈ ರಾಷ್ಟ್ರೀಯ ದತ್ತಾಂಶ ಕೋಶವು 2021ರ ಆಗಸ್ಟ್ 26ರಂದು ಆರಂಭವಾಯಿತು. ನೋಂದಾಯಿತರ ಸಂಖ್ಯೆ 30 ಕೋಟಿಯನ್ನು ದಾಟಿದ್ದು, ಅರ್ಧಕ್ಕಿಂತ ಹೆಚ್ಚು ಮಂದಿ ಕೃಷಿಯನ್ನೇ ತಮ್ಮ ಕಸುಬೆಂದು ಬರೆಸಿದ್ದಾರೆ. ಮಾಲೀಕನ ಪತ್ರವಿಲ್ಲದೆ ಸ್ವಂತ ಘೋಷಣೆಯಿಂದಲೇ ಹೆಸರು ಬರೆಸಬಹುದು.

3. ಆಯುಷ್ಮಾನ್ ಭಾರತ: ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆ ಚಿಕಿತ್ಸೆ ದೊರೆಯುತ್ತದೆ. 2025ರ ಏಪ್ರಿಲ್‌ನಲ್ಲಿ ದೆಹಲಿಯೂ ಈ ಯೋಜನೆಗೆ ಸೇರಿತು.

ಕಾರ್ಮಿಕರು ಗಮನಿಸಬೇಕಾದುದು

ಕೆಲಸಕ್ಕೆ ಸೇರುವಾಗ ಮಾಲೀಕ ಅಥವಾ ಗುತ್ತಿಗೆದಾರನ ಹೆಸರು, ವಿಳಾಸಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ದುಡಿದ ದಿನ, ಹೊತ್ತ ಚೀಲ ಅಥವಾ ನೆಟ್ಟ ಎಕರೆ, ಪಡೆದ ಹಣ ಮತ್ತು ಮುಂಗಡಗಳನ್ನು ಸಣ್ಣ ಪುಸ್ತಕದಲ್ಲಿ ದಿನವೂ ನಮೂದಿಸುವುದು ಒಳ್ಳೆಯದು. ಓದು ಬಾರದವರು ತಂಡದಲ್ಲಿ ಓದು ಬಲ್ಲವರಿಂದ ಬರೆಸಬಹುದು. ಕೂಲಿ ಬ್ಯಾಂಕ್ ಖಾತೆಯ ಮೂಲಕ ಬಂದರೆ ಅದೇ ಒಂದು ದಾಖಲೆ. ವೇತನದ ಬಾಕಿಯ ಬಗ್ಗೆ ಕಾರ್ಮಿಕ ಇಲಾಖೆಗೂ, ಜೀತದ ಬಗ್ಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ, ಮಕ್ಕಳ ದುಡಿಮೆಯ ಬಗ್ಗೆ 1098 ದೂರವಾಣಿಗೂ ತಿಳಿಸಬಹುದು. ಇ-ಶ್ರಮ್ ಸಹಾಯವಾಣಿ 14434, ಪಡಿತರ ಚೀಟಿಯ ಸಹಾಯವಾಣಿ 14445.

ರುಜುವಾತಿನ ಹೊಣೆ ಮಾಲೀಕನದೆಂದು ಕಾನೂನು ಹೇಳಿದರೂ, ತಾನು ಯಾರ ಬಳಿ, ಎಷ್ಟು ದಿನ ದುಡಿದೆನೆಂಬುದನ್ನು ಮೊದಲು ಕಾರ್ಮಿಕನೇ ಹೇಳಬೇಕಾಗುತ್ತದೆ. ಕೈಯಲ್ಲಿರುವ ಆ ಸಣ್ಣ ಪುಸ್ತಕ ನೆರವಿಗೆ ಬರುವುದು ಅಲ್ಲಿಯೇ.