ಕ್ರಿಸ್ತನ ವಿಷಯವಾದ ದುರ್ಬೋಧೆಯನ್ನು ಗುರುತಿಸುವ ಬಗೆ

ಮಾರುವೇಷದ ಅರಸನ ಕಥೆಯನ್ನು ನಮ್ಮ ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಪ್ರಜೆಗಳ ಕಷ್ಟಸುಖಗಳನ್ನು ಕಣ್ಣಾರೆ ಕಾಣಬೇಕೆಂದು ಅರಸನು ರಾತ್ರಿಯಲ್ಲಿ ಹರಕು ಕಂಬಳಿಯನ್ನು ಹೊದ್ದು ಅರಮನೆಯ ಹಿಂಬಾಗಿಲಿನಿಂದ ಹೊರಡುತ್ತಾನೆ; ಬಡವಿಯ ಗುಡಿಸಲಿನಲ್ಲಿ ಗಂಜಿ ಕುಡಿಯುತ್ತಾನೆ; ಬೆಳಗಾಗುವ ಮೊದಲೇ ಹಿಂದಿರುಗುತ್ತಾನೆ. ಕ್ರಿಸ್ತಜಯಂತಿಯ ದಿನಗಳಲ್ಲಿ ಈ ಕಥೆಯನ್ನು ಹೇಳಿ, ದೇವಕುಮಾರನು ಮನುಷ್ಯನಾಗಿ ಬಂದದ್ದು ಹೀಗೆಯೇ ಎಂದು ನಾವು ಅನೇಕ ವರುಷ ಬೋಧಿಸಿದೆವು. ಒಂದು ಸಾರಿ ಕೆಳಗಿನ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರಮ್ಮಾ, ಅರಸನು ಬೆಳಿಗ್ಗೆ ಕಂಬಳಿಯನ್ನು ಬಿಸಾಡಿಬಿಟ್ಟನಲ್ಲವೇ? ಯೇಸುವೂ ಪರಲೋಕಕ್ಕೆ ಹೋದಾಗ ಮನುಷ್ಯನಾಗಿರುವದನ್ನು ಬಿಟ್ಟುಬಿಟ್ಟನೋ?" ಎಂದು ಕೇಳಿದಳು. ಉತ್ತರ ಕೊಡಲು ಹೊರಟಾಗಲೇ, ನಾವು ಇಷ್ಟು ಕಾಲ ಪ್ರೀತಿಯಿಂದ ಹೇಳುತ್ತ ಬಂದದ್ದು ಆದಿಸಭೆಯು ತಳ್ಳಿಹಾಕಿದ ಒಂದು ಬೋಧೆಯ ನೆರಳೆಂಬದು ನಮಗೆ ಹೊಳೆಯಿತು.

ಆ ಬೋಧೆಯವರನ್ನು ಸಭಾಚರಿತ್ರೆಯಲ್ಲಿ ಡೊಸೇಟಿಕರೆಂದು ಕರೆಯುವರು. ತೋರಿಕೆ ಎಂಬರ್ಥದ ಗ್ರೀಕ್ ಶಬ್ದದಿಂದ ಈ ಹೆಸರು ಬಂದದೆ. ದೇಹವೂ ಜಡವಸ್ತುವೂ ಹೀನವಾದವುಗಳೆಂದು ಎಣಿಸಿದ ಅವರು, ದೇವರ ಮಗನು ನಿಜವಾಗಿ ಮಾಂಸಧಾರಿಯಾಗಲಿಲ್ಲ, ಹಸಿವು ನೋವುಗಳು ನೋಡುವವರ ಕಣ್ಣಿಗೆ ಮಾತ್ರ ಹಾಗೆ ತೋರಿದವು ಎಂದು ಹೇಳಿದರು. ಇದು ಕರ್ತನಿಗೆ ಗೌರವವನ್ನು ಹೆಚ್ಚಿಸುವ ಮಾತಿನಂತೆ ಕೇಳುತ್ತದೆ. ಆದಕಾರಣವೇ ಇದು ಅನೇಕ ಭಕ್ತರನ್ನು ಸೆಳೆಯಿತು. ಆದರೆ ಯೋಹಾನನ ಮೊದಲನೆಯ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ, ಆತ್ಮಗಳನ್ನು ಪರೀಕ್ಷಿಸುವದಕ್ಕೆ ಕೊಟ್ಟ ಒರೆಗಲ್ಲು ಇದೇ: ಕ್ರಿಸ್ತನು ಶರೀರಧಾರಿಯಾಗಿ ಬಂದನೆಂದು ಒಪ್ಪುವರೋ ಇಲ್ಲವೋ. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಸಭಾಧ್ಯಕ್ಷನಾದ ಇಗ್ನಾತಿಯುಸನು ಕಾಡುಮೃಗಗಳಿಗೆ ಆಹಾರವಾಗಲು ಬೇಡಿಗಳೊಡನೆ ರೋಮಾಪುರಕ್ಕೆ ಒಯ್ಯಲ್ಪಡುತ್ತಿರುವಾಗ, ದಾರಿಯಲ್ಲಿ ಸಭೆಗಳಿಗೆ ಪತ್ರಗಳನ್ನು ಬರೆದನು. ನನ್ನ ಕರ್ತನ ಯಾತನೆ ತೋರಿಕೆಯಾಗಿದ್ದರೆ ನನಗೆ ಈ ನಿಜವಾದ ಬೇಡಿ ಯಾತಕ್ಕೆ ಎಂಬದು ಅವುಗಳಲ್ಲಿನ ಒಂದು ವಾದ. ಸಾಯಲು ಹೋಗುವವನಿಗೆ ಇದು ಪಂಡಿತರ ಚರ್ಚೆಯಾಗಿರಲಿಲ್ಲ.

ಇಲ್ಲಿ ನಮ್ಮ ನಾಡಿನ ಒಂದು ಮಾತನ್ನು ಕುರಿತು ಹೇಳಬೇಕಾಗಿದೆ. ನಮ್ಮ ಸಭೆಗಳಲ್ಲಿ ನರಾವತಾರವೆಂಬ ಮಾತು ರೂಢಿಯಲ್ಲಿದೆ. ಅದನ್ನು ಬಿಡಬೇಕೆಂದು ನಾವು ಹೇಳುವದಿಲ್ಲ. ದೇವರು ಇಳಿದು ಬಂದನೆಂಬದನ್ನು ಅದರಷ್ಟು ಬೇಗನೆ ತಿಳಿಸುವ ಕನ್ನಡ ಶಬ್ದವು ಬೇರೆ ಸಿಕ್ಕುವದು ಕಷ್ಟ. ನಮ್ಮ ಓದುಗರಲ್ಲಿ ಹಿಂದೂ ಮನೆತನಗಳ ತಾಯ್ತಂದೆಗಳೂ ಇದ್ದಾರೆ. ಅವರು ಅವತಾರವೆಂದರೆ ಯುಗಯುಗಕ್ಕೂ ಆಗುವ, ಕಾರ್ಯವು ಮುಗಿದ ಮೇಲೆ ಸಮಾಪ್ತವಾಗುವ ಸಂಗತಿಯೆಂದು ಸಹಜವಾಗಿ ತಿಳಿಯುವರು. ಕ್ರೈಸ್ತ ಬೋಧೆಯಾದರೋ ಬೇರೆ. ದೇವಕುಮಾರನು ಒಂದೇ ಸಾರಿ ಮನುಷ್ಯನಾದನು, ಮತ್ತು ಆದದ್ದನ್ನು ಬಿಟ್ಟುಬಿಡಲಿಲ್ಲ. ಎದ್ದುಬಂದ ದೇಹದಲ್ಲಿ ಮೊಳೆಗಳ ಗುರುತುಗಳಿದ್ದವು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯು, ಪರಲೋಕಕ್ಕೆ ಹೋದ ಮೇಲೆಯೂ ನಮ್ಮ ಮಧ್ಯಸ್ಥನನ್ನು ಮನುಷ್ಯನೆಂದೇ ಕರೆಯುತ್ತದೆ. ಅರಸನು ಕಂಬಳಿಯನ್ನು ಬಿಸಾಡಿದನು, ಕ್ರಿಸ್ತನು ಬಿಸಾಡಲಿಲ್ಲ. ಆ ಹುಡುಗಿಗೆ ನಾವು ಕೊಡಬೇಕಾಗಿದ್ದ ಉತ್ತರವು ಇದೇ.

ಇದಕ್ಕೆ ಎದುರಾದ ತಪ್ಪು ಇನ್ನೂ ಹೆಸರಾದದ್ದು. ಈಜಿಪ್ತ ದೇಶದ ಅಲೆಕ್ಸಾಂದ್ರಿಯ ಪಟ್ಟಣದಲ್ಲಿ ಅರಿಯುಸನೆಂಬ ಸಭಾಹಿರಿಯನಿದ್ದನು. ಆತನು ನೀಚನಲ್ಲ, ಬಿಗಿಯಾದ ನಡತೆಯವನು, ಒಳ್ಳೇ ಮಾತುಗಾರನು. ದುರ್ಬೋಧಕರು ಯಾವಾಗಲೂ ದುರ್ನಡತೆಯವರಾಗಿರುವರೆಂದು ಎಣಿಸುವವರು ಆತನನ್ನು ಗುರುತಿಸುತ್ತಿರಲಿಲ್ಲ. ಸುಮಾರು 318ರಲ್ಲಿ ಆತನಿಗೂ ಸಭಾಧ್ಯಕ್ಷನಾದ ಅಲೆಕ್ಸಾಂದರನಿಗೂ ವಾದವೆದ್ದಿತು. ತಂದೆಯೊಬ್ಬನೇ ಅನಾದಿ, ಮಗನು ಸಕಲ ಸೃಷ್ಟಿಗಿಂತ ಮೊದಲಿನವನಾದರೂ, ಲೋಕವೆಲ್ಲಾ ಆತನ ಮೂಲಕ ಉಂಟಾಗಿದ್ದರೂ, ತಾನೇ ಇಲ್ಲದಿದ್ದು ಆಮೇಲೆ ಉಂಟುಮಾಡಲ್ಪಟ್ಟವನು ಎಂಬದು ಅರಿಯುಸನ ಬೋಧೆ. ಮಗನು ತಂದೆಗಿಂತ ಚಿಕ್ಕವನೆಂಬದು ಯಾರಿಗೆ ಗೊತ್ತಿಲ್ಲ? ಹೀಗೆ ಈ ಮಾತು ಸುಲಭವಾಗಿ ಮನಸ್ಸಿಗೆ ಹತ್ತಿತು. ಹಡಗಿನವರೂ ಬೀಸುವವರೂ ದಾರಿಹೋಕರೂ ಹಾಡುವಂತೆ ಆತನು ತನ್ನ ಬೋಧೆಯನ್ನು ಹಾಡುಗಳಲ್ಲಿ ಕಟ್ಟಿದನೆಂದು ಹಳೆಯ ಚರಿತ್ರಕಾರನೊಬ್ಬನು ಬರೆದಿದ್ದಾನೆ. ಸಂಗೀತಪ್ರಿಯವಾದ ನಮ್ಮ ಸಭೆಗಳು ಇದನ್ನು ಸ್ವಲ್ಪ ಯೋಚಿಸಬೇಕು. ರಾಗವು ಇಂಪಾಗಿದ್ದರೆ ಅರ್ಥವನ್ನು ವಿಚಾರಿಸುವವರು ನಮ್ಮಲ್ಲಿಯೂ ಕಡಮೆ.

325ರಲ್ಲಿ ಚಕ್ರವರ್ತಿಯಾದ ಕಾನ್‌ಸ್ಟಂಟೈನನು ನಿಕೇಯ ಪಟ್ಟಣದಲ್ಲಿ ಸಭಾಧ್ಯಕ್ಷರನ್ನು ಕೂಡಿಸಿದನು. ಅದು ಈಗಿನ ತುರ್ಕಿದೇಶದ ಇಜ್ನಿಕ್ ಎಂಬ ಊರು. ಅಲ್ಲಿ ನಡೆದ ಒಂದು ಸಂಗತಿಯು ನಮ್ಮ ವಿಷಯಕ್ಕೆ ಬಹಳ ಉಪಯುಕ್ತವಾದದ್ದು. ಮಗನು ದೇವರಿಂದ ಬಂದವನು, ದೇವರ ಶಕ್ತಿಯು, ದೇವರ ಪ್ರತಿರೂಪವು ಎಂದು ಸತ್ಯವೇದದ ಮಾತುಗಳನ್ನು ಒಂದೊಂದಾಗಿ ಮುಂದಿಟ್ಟಾಗ, ಅರಿಯುಸನ ಪಕ್ಷದವರು ಒಬ್ಬರಿಗೊಬ್ಬರು ಕಣ್ಸನ್ನೆ ಮಾಡಿಕೊಂಡು, ಈ ಮಾತು ನಮಗೂ ಸಲ್ಲುತ್ತದೆಂದು ಪಿಸುಗುಟ್ಟಿದರಂತೆ. ಮನುಷ್ಯರೂ ದೇವರಿಂದಲೇ ಬಂದವರು, ಮನುಷ್ಯನೂ ದೇವರ ಪ್ರತಿರೂಪವೇ ಅಲ್ಲವೇ! ಇದನ್ನು ಬರೆದಿಟ್ಟವನು ಅಥನಾಸಿಯುಸನು. ಆಗ ಆತನು ಅಲೆಕ್ಸಾಂದರನ ಸಂಗಡ ಬಂದಿದ್ದ ಸಭಾಸೇವಕನು. ಹೀಗೆ ಎಲ್ಲಾ ಮಾತುಗಳನ್ನೂ ಅವರು ತಮ್ಮ ಅರ್ಥಕ್ಕೆ ತಿರುಗಿಸಿಕೊಂಡದ್ದರಿಂದ, ತಂದೆಯೊಡನೆ ಒಂದೇ ಸತ್ವವುಳ್ಳವನು ಎಂಬರ್ಥದ ಹೊಮೊಊಸಿಯೋಸ್ ಎಂಬ ಪದವನ್ನು ವಿಶ್ವಾಸಪ್ರಮಾಣದಲ್ಲಿ ಸೇರಿಸಿದರು. ಅದು ಸತ್ಯವೇದದಲ್ಲಿ ಇಲ್ಲದ ಪದವೆಂದು ಅನೇಕ ಸಾತ್ವಿಕರು ಹಿಂಜರಿದರು. ಆದರೆ ಸತ್ಯವೇದದ ಅರ್ಥವನ್ನು ಕಾಯುವದಕ್ಕೆ ಅದರ ಹೊರಗಿನ ಒಂದು ಪದವು ಬೇಕಾಗಿ ಬಂತು. ಮುಂದೆ ಕೆಲವರು ಒಂದು ಅಕ್ಷರವನ್ನು ಸೇರಿಸಿ, ಹೋಲುವ ಸತ್ವವುಳ್ಳವನೆಂಬ ಅರ್ಥದಲ್ಲಿ ಹೊಮೊಯ್‌ಊಸಿಯೋಸ್ ಎಂದರೆ ಸಾಕಲ್ಲವೇ ಎಂದರು. ಒಂದಕ್ಷರಕ್ಕಾಗಿ ಇಷ್ಟು ಕಲಹವೇ ಎಂದು ನಗುವವರುಂಟು. ಕನ್ನಡಿಗರಾದ ನಾವು ನಗಬಾರದು. ನಮ್ಮಲ್ಲಿ ಹಾಲು ಹಾಳಾಗುವದಕ್ಕೂ ಒಂದೇ ಅಕ್ಷರ ಸಾಕು.

ಅಥನಾಸಿಯುಸನು 328ರಲ್ಲಿ ಸಭಾಧ್ಯಕ್ಷನಾಗಿ, ಐದು ಸಾರಿ ದೇಶಭ್ರಷ್ಟನಾಗಿ, ಸುಮಾರು ಹದಿನೇಳು ವರುಷಗಳನ್ನು ಹೊರಗೆ ಕಳೆದು, 373ರಲ್ಲಿ ತೀರಿಹೋದನು. ಆತನು ಇಷ್ಟು ಹಟ ಹಿಡಿದದ್ದು ಯಾಕೆ? ಮಗನು ಎಷ್ಟೇ ದೊಡ್ಡವನಾದರೂ ಸೃಷ್ಟಿಯಾದವನಾಗಿದ್ದರೆ, ದೇವರು ನಮ್ಮ ಬಳಿಗೆ ಬರಲಿಲ್ಲ, ಬೇರೊಬ್ಬನನ್ನು ಕಳುಹಿಸಿ ತಾನು ದೂರ ನಿಂತನು ಎಂದಾಗುವದು. ಶಿಲುಬೆಯಲ್ಲಿ ಕಾಣುವದು ದೇವರ ಪ್ರೀತಿಯಲ್ಲ, ಒಬ್ಬ ಸೇವಕನ ವಿಧೇಯತ್ವ ಮಾತ್ರ. ಅಲ್ಲದೆ, ನಾವು ಕ್ರಿಸ್ತನನ್ನು ಆರಾಧಿಸುವದು ಸೃಷ್ಟಿಯನ್ನು ಆರಾಧಿಸುವದೇ ಆಗುವದು. ಮಗನೆಂದರೆ ಹಿಂದಿನಿಂದ ಬಂದವನಲ್ಲವೇ ಎಂಬ ವಾದಕ್ಕೆ ಹಿರಿಯರು ಬೆಳಕಿನ ಉಪಮಾನವನ್ನು ಕೊಟ್ಟರು. ದೀಪ ಹತ್ತಿದ ಗಳಿಗೆಯಲ್ಲಿಯೇ ಬೆಳಕೂ ಇದೆ. ಬೆಳಕು ದೀಪದಿಂದಲೇ ಬರುತ್ತದೆ, ಆದರೂ ದೀಪಕ್ಕಿಂತ ಹಿಂದಿನದಲ್ಲ.

ಅರಿಯುಸನ ಬೋಧೆಯು ಸತ್ತುಹೋಗಿಲ್ಲ. ಯೆಹೋವನ ಸಾಕ್ಷಿಗಳೆಂಬ ಪಂಗಡದವರು ಪುಸ್ತಕಗಳೊಡನೆ ಮನೆಗಳಿಗೆ ಬರುವದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಕಂಡಿರಬಹುದು. ಮಗನು ದೇವರ ಮೊದಲನೆಯ ಸೃಷ್ಟಿಯೆಂದೂ ಪ್ರಧಾನದೂತನಾದ ಮೀಕಾಯೇಲನೆಂದೂ ಅವರು ಬೋಧಿಸುತ್ತಾರೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ಕ್ರಿಸ್ತನನ್ನು ಸೃಷ್ಟಿಗೆಲ್ಲಾ ಜ್ಯೇಷ್ಠನೆಂದು ಹೇಳಿರುವದನ್ನು ಅವರು ಮುಖ್ಯ ಆಧಾರಗಳಲ್ಲಿ ಒಂದಾಗಿ ತೋರಿಸುವರು. ಇದಕ್ಕೆ ಉತ್ತರವು 89ನೆಯ ಕೀರ್ತನೆಯಲ್ಲಿದೆ. ಅಲ್ಲಿ ದೇವರು ದಾವೀದನನ್ನು ಜ್ಯೇಷ್ಠನನ್ನಾಗಿ ಮಾಡುವೆನೆಂದು ಹೇಳುತ್ತಾನೆ. ದಾವೀದನಾದರೋ ಇಷಯನ ಎಂಟು ಮಂದಿ ಮಕ್ಕಳಲ್ಲಿ ಕಡೆಯವನು. ಆದುದರಿಂದ ಜ್ಯೇಷ್ಠತ್ವವೆಂದರೆ ಸ್ಥಾನವು, ಹುಟ್ಟಿದ ಕ್ರಮವಲ್ಲ. ಪತ್ರಿಕೆಯ ಮುಂದಿನ ವಚನವೇ ಸಮಸ್ತವೂ ಆತನಲ್ಲಿ ಸೃಷ್ಟಿಯಾಯಿತೆಂದು ಹೇಳಿ ಆತನನ್ನು ಸೃಷ್ಟಿಯ ಆಚೆಯಲ್ಲಿ ನಿಲ್ಲಿಸುತ್ತದೆ. ಒಂದು ವಚನವನ್ನು ತೋರಿಸುವವರಿಗೆ ಅದರ ಹಿಂದುಮುಂದಿನ ವಚನಗಳನ್ನೂ ಓದಿರೆಂದು ಕೇಳಿಕೊಳ್ಳುವದು ಒಳ್ಳೆಯದು. ಬಾಗಿಲು ಮುಚ್ಚಿ ಬೈಯುವದು ಬೇಡ. ರಾಷ್ಟ್ರಗೀತೆಯನ್ನು ಹಾಡಲಿಲ್ಲವೆಂದು ಕೇರಳದ ಶಾಲೆಯೊಂದರಿಂದ ಹೊರಹಾಕಲ್ಪಟ್ಟ ಈ ಪಂಗಡದ ಮಕ್ಕಳ ಪರವಾಗಿ ಸುಪ್ರೀಂ ಕೋರ್ಟು 1986ರಲ್ಲಿ ತೀರ್ಪು ಕೊಟ್ಟಿತು; ಗೌರವದಿಂದ ಎದ್ದು ನಿಂತಿದ್ದ ಮಕ್ಕಳು ಅವರು. ಬೋಧೆಯನ್ನು ತಳ್ಳುವದು ಬೇರೆ, ನೆರೆಯವರನ್ನು ತಳ್ಳುವದು ಬೇರೆ.

ಮೂರನೆಯ ತಪ್ಪು ಹೆಚ್ಚು ಸೂಕ್ಷ್ಮವಾದದ್ದು. ಭಕ್ತರ ಮನೆಗಳಲ್ಲಿ ಇದೇ ಹೆಚ್ಚೆಂದು ನಮ್ಮ ಅಭಿಪ್ರಾಯ. ಲವೊದಿಕೀಯದ ಅಪೊಲ್ಲಿನಾರಿಸನು ನಿಕೇಯದ ಪಕ್ಷದವನೇ, ಅರಿಯುಸನ ವಿರೋಧಿಯೇ. ಆತನು, ಕ್ರಿಸ್ತನಿಗೆ ಮನುಷ್ಯದೇಹವಿತ್ತು, ಆದರೆ ಮನುಷ್ಯಬುದ್ಧಿಯ ಸ್ಥಾನದಲ್ಲಿ ದೇವರ ವಾಕ್ಯವೇ ಇತ್ತು ಎಂದನು. 381ರ ಕಾನ್‌ಸ್ಟಂಟಿನೋಪಲಿನ ಸಭೆಯು ಇದನ್ನು ತಳ್ಳಿತು. ನಜಿಯಾನ್ಸದ ಗ್ರೆಗೊರಿಯು ಇದಕ್ಕೆ ಕೊಟ್ಟ ಉತ್ತರದ ತಾತ್ಪರ್ಯವೇನಂದರೆ, ಕ್ರಿಸ್ತನು ನಮ್ಮಲ್ಲಿ ಯಾವದನ್ನು ತನ್ನದಾಗಿ ತೆಗೆದುಕೊಳ್ಳಲಿಲ್ಲವೋ ಅದು ವಾಸಿಯಾಗದೆ ಉಳಿಯುವದು. ನಮ್ಮ ಪಾಪವೂ ಭಯವೂ ದುಃಖವೂ ಮನಸ್ಸಿನಲ್ಲಿಯೇ ಅಲ್ಲವೇ ಇರುವದು? ಯೇಸು ಬಾಲ್ಯದಲ್ಲಿ ಪಾಠ ಕಲಿಯಬೇಕಾಗಿರಲಿಲ್ಲ, ಗೆತ್ಸೆಮನೆಯಲ್ಲಿ ನಿಜವಾಗಿ ಹೆದರಲಿಲ್ಲ, ನಮಗೆ ಮಾದರಿ ತೋರಿಸಲು ಪ್ರಾರ್ಥಿಸಿದನು ಅಷ್ಟೇ ಎಂದು ಮಕ್ಕಳಿಗೆ ಹೇಳುವ ತಾಯಂದಿರು ಅಪೊಲ್ಲಿನಾರಿಸನ ಹೆಸರನ್ನೇ ಕೇಳಿರಲಿಕ್ಕಿಲ್ಲ. ಲೂಕನ ಸುವಾರ್ತೆಯು ಆತನು ಜ್ಞಾನದಲ್ಲಿಯೂ ಬೆಳೆದನೆಂದು ಸ್ಪಷ್ಟವಾಗಿ ತಿಳಿಸುತ್ತದೆ. ಪರೀಕ್ಷೆಗೆ ಹೆದರಿ ಅಳುತ್ತ ಕುಳಿತ ಹುಡುಗಿಗೆ, ನಿಜವಾಗಿ ಹೆದರಿದ ಕರ್ತನಲ್ಲದೆ ಬೇರೆ ಯಾರು ಆದರಣೆ ಕೊಡಬಲ್ಲರು?

ನೆಸ್ತೋರಿಯುಸನ ವಿಷಯವಾಗಿ 431ರಲ್ಲಿ ಎಫೆಸದಲ್ಲಿಯೂ, ಯೂತಿಖೆಯನ ವಿಷಯವಾಗಿ 451ರಲ್ಲಿ ಖಲ್ಕೆದೋನಿನಲ್ಲಿಯೂ ಆದ ತೀರ್ಮಾನಗಳನ್ನು ಇಲ್ಲಿ ವಿಸ್ತರಿಸುವದಿಲ್ಲ. ಕ್ರಿಸ್ತನನ್ನು ಇಬ್ಬರನ್ನಾಗಿ ಒಡೆಯಬಾರದು, ಆತನ ದೈವತ್ವ ಮನುಷ್ಯತ್ವಗಳನ್ನು ಹಾಲುನೀರಿನಂತೆ ಬೆರೆಸಲೂ ಬಾರದು ಎಂಬದು ಸಾರಾಂಶ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಖಲ್ಕೆದೋನನ್ನು ಒಪ್ಪದ ಸುರಿಯಾನಿ ಸಭೆಯವರು, ಕೇರಳದಿಂದ ಬಂದವರು, ನಮ್ಮ ವಿದ್ಯಾರ್ಥಿನಿಲಯದಲ್ಲಿಯೂ ಇದ್ದರು. ಅವರನ್ನು ದುರ್ಬೋಧಕರೆಂದು ಎಣಿಸಬಾರದು. 1984ರಲ್ಲಿ ರೋಮಿನ ಪೋಪರೂ ಅಂತಿಯೋಕ್ಯದ ಸುರಿಯಾನಿ ಪಿತೃಪ್ರಧಾನರೂ ಕೂಡಿ, ಹಿಂದಿನ ಭೇದವು ವಿಶ್ವಾಸದ ತಿರುಳನ್ನು ಮುಟ್ಟಿದ್ದಲ್ಲ, ಶಬ್ದಗಳಿಂದಲೂ ಸಂಸ್ಕೃತಿಗಳಿಂದಲೂ ಉಂಟಾದದ್ದೆಂದು ಪ್ರಕಟಿಸಿದರು. ಶಬ್ದವು ಒಂದೇ ಆಗಿದ್ದು ಅರ್ಥವು ಬೇರೆಯಾಗಿರಬಹುದು; ಶಬ್ದವು ಬೇರೆಯಾಗಿದ್ದು ಅರ್ಥವು ಒಂದೇ ಆಗಿರಲೂಬಹುದು. ಆದುದರಿಂದ ಯಾರಾದರೂ ಹೊಸ ಬೋಧೆಯನ್ನು ತಂದಾಗ ಅವರ ಶಬ್ದಗಳನ್ನು ಹಿಡಿಯದೆ, ನಿಮ್ಮ ಕ್ರಿಸ್ತನನ್ನು ಆರಾಧಿಸಬಹುದೋ, ಆತನು ನಮ್ಮಂತೆ ನಿಜವಾಗಿ ಸತ್ತನೋ, ಈಗಲೂ ಮನುಷ್ಯನಾಗಿದ್ದಾನೋ ಎಂದು ಮೆಲ್ಲಗೆ ಕೇಳಿ ನೋಡಬೇಕು.

ಮಾರುವೇಷದ ಅರಸನ ಕಥೆಯನ್ನು ನಾವು ಈಗ ಕ್ರಿಸ್ತಜಯಂತಿಯಲ್ಲಿ ಹೇಳುವದಿಲ್ಲ. ಅದರ ಬದಲಾಗಿ ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯವನ್ನು ಓದಿಸುತ್ತೇವೆ. ಬೇಥಾನ್ಯದಲ್ಲಿ ಸ್ನೇಹಿತನ ಗೋರಿಯ ಬಳಿಯಲ್ಲಿ ಅತ್ತವನು ಯಾರು, ಸತ್ತವನನ್ನು ಹೆಸರು ಹಿಡಿದು ಹೊರಗೆ ಕರೆದವನು ಯಾರು ಎಂದು ಕೇಳಿದರೆ, ಒಬ್ಬನೇ ಎಂದು ಚಿಕ್ಕ ತರಗತಿಯವರೂ ಹೇಳುತ್ತಾರೆ.