ಎರಡನೇ ಬೇಸ್ ಗಿಟಾರ್ ಕೊಳ್ಳುವ ಮುನ್ನ: ಮೆದು ಸದ್ದಿಗೆ ಯಾವ ಗಿಟಾರ್, ಯಾವ ತಂತಿ?

ಗಣೇಶೋತ್ಸವದ ಪೆಂಡಾಲ್, ಜಾತ್ರೆ ವೇದಿಕೆ, ಮದುವೆ ರಿಸೆಪ್ಷನ್, ಶಾಲಾ ವಾರ್ಷಿಕೋತ್ಸವ. ಸೀಸನ್ ಶುರುವಾದರೆ ತಾಲೂಕಿನ ಆರ್ಕೆಸ್ಟ್ರಾ ತಂಡಗಳಿಗೆ ಬಿಡುವಿಲ್ಲ. ಆದರೆ ಒಂದೇ ಬೇಸ್ ಗಿಟಾರ್ ಹಿಡಿದು ಎಲ್ಲ ಕಡೆ ನುಡಿಸುವವರಿಗೆ ಒಂದು ತಲೆನೋವು ಇದ್ದೇ ಇದೆ. ಕುಣಿತದ ಹಾಡಿಗೆ ಚೆನ್ನಾಗಿ ಹೊಂದುವ ಚುರುಕು ಸದ್ದು ಭಾವಗೀತೆಗೆ, ಹಳೇ ಚಿತ್ರಗೀತೆಗೆ, ಚರ್ಚ್ ಕ್ವಾಯರ್‌ಗೆ ಬಂದಾಗ ಕಿವಿಗೆ ಚುಚ್ಚುತ್ತದೆ. ಆಗ ಹಲವರು ಇನ್ನೊಂದು ಗಿಟಾರ್ ಕೊಳ್ಳೋಣ ಅಂತ ಹೊರಡುತ್ತಾರೆ. ಹತ್ತಾರು ಸಾವಿರ ಕೊಟ್ಟು ತಂದ ಮೇಲೂ ಸದ್ದು ಮೊದಲಿನ ಹಾಗೇ ಇದ್ದರೆ ಒಂದು ಸೀಸನ್ನಿನ ದುಡಿಮೆ ನೀರಲ್ಲಿ ಹೋದ ಹಾಗೆ. ಗಿಟಾರ್ ಬದಲಿಸುವ ಮೊದಲು ತಂತಿ ನೋಡಬೇಕು ಎನ್ನುವುದಕ್ಕೆ ಕಾರಣ ಇಲ್ಲಿದೆ.

ಸದ್ದು ಚುಚ್ಚೋದು ಯಾಕೆ?

ನಾಲ್ಕು ತಂತಿಯ ಬೇಸ್‌ನಲ್ಲಿ ಅತಿ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಎ ತಂತಿ 55, ಡಿ ತಂತಿ ಸುಮಾರು 73, ಜಿ ತಂತಿ 98 ಸಲ. ಇದು ಮೂಲ ಸ್ವರ. ಇದರ ಜೊತೆಗೆ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟು ವೇಗದ ಉಪಸ್ವರಗಳೂ ಹೊರಡುತ್ತವೆ. ಮೇಲಿನ ಉಪಸ್ವರಗಳು ಜಾಸ್ತಿ ಇದ್ದರೆ ಸದ್ದು ಟಿಣ್ ಅನ್ನುತ್ತದೆ, ಅವು ತಗ್ಗಿದರೆ ದುಂಡಗೆ, ಮೆದುವಾಗಿ ಕೇಳುತ್ತದೆ. ತಂತಿ, ಪಿಕಪ್, ಬೆರಳು ಮೀಟುವ ಜಾಗ ಎಲ್ಲವೂ ಈ ಉಪಸ್ವರಗಳನ್ನು ಹೆಚ್ಚು ಕಡಿಮೆ ಮಾಡುತ್ತವೆ.

ದುಡ್ಡು ಖರ್ಚಿಲ್ಲದ ಪರೀಕ್ಷೆ

ಅಂಗಡಿಗೆ ಹೋಗುವ ಮೊದಲು ಇರುವ ಗಿಟಾರ್‌ನಲ್ಲೇ ನಾಲ್ಕು ಕೆಲಸ ಮಾಡಿ ನೋಡಬಹುದು.

ಒಂದು, ಟೋನ್ ನಾಬ್ ಅರ್ಧಕ್ಕೆ ಇಳಿಸುವುದು. ಇದು ಮೇಲಿನ ಸದ್ದನ್ನು ಕತ್ತರಿಸುತ್ತದೆ.

ಎರಡು, ಬ್ರಿಡ್ಜ್ ಹತ್ತಿರ ಮೀಟುವ ಬದಲು ನೆಕ್ ಮುಗಿಯುವ ಜಾಗದ ಬಳಿ ಬೆರಳಿನ ಮೆದು ಭಾಗದಿಂದ ಮೀಟುವುದು. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.

ಮೂರು, ಎರಡು ಪಿಕಪ್ ಇದ್ದರೆ ಬ್ರಿಡ್ಜ್ ಕಡೆಯದ್ದರ ವಾಲ್ಯೂಮ್ ಇಳಿಸಿ, ನೆಕ್ ಕಡೆಯದ್ದನ್ನು ಮಾತ್ರ ಬಳಸುವುದು.

ನಾಲ್ಕು, ಬ್ರಿಡ್ಜ್ ಪಕ್ಕದಲ್ಲಿ ತಂತಿಗಳ ಕೆಳಗೆ ಸಣ್ಣ ಸ್ಪಂಜಿನ ತುಂಡು ಸಿಕ್ಕಿಸುವುದು. ಸ್ವರ ಬೇಗ ನಿಲ್ಲುತ್ತದೆ, ಸದ್ದು ಧಬ್ ಧಬ್ ಎಂದು ದುಂಡಗಾಗುತ್ತದೆ. ಹಳೆಯ ಫೆಂಡರ್ ಬೇಸ್‌ಗಳಲ್ಲಿ ಬ್ರಿಡ್ಜ್ ಮೇಲಿನ ಲೋಹದ ಮುಚ್ಚಳದೊಳಗೆ ಕಂಪನಿಯವರೇ ಇಂಥ ಸ್ಪಂಜು ಇಡುತ್ತಿದ್ದರು.

ಇಷ್ಟಕ್ಕೇ ಸಮಾಧಾನವಾದರೆ ಖರ್ಚು ಉಳಿಯಿತು. ಆಗದಿದ್ದರೆ ಮುಂದಿನ ಹೆಜ್ಜೆ ತಂತಿ.

ತಂತಿಯಲ್ಲಿ ನಾಲ್ಕು ಬಗೆ

ಬೇಸ್ ತಂತಿ ಅಂದರೆ ಒಳಗೊಂದು ಉಕ್ಕಿನ ಎಳೆ, ಅದರ ಸುತ್ತ ಇನ್ನೊಂದು ತಂತಿಯ ಸುತ್ತು. ಹೊರಗಿನ ಸುತ್ತು ಹೇಗಿದೆ ಅನ್ನೋದರ ಮೇಲೆ ಸದ್ದು ನಿಂತಿದೆ.

ರೌಂಡ್‌ವೌಂಡ್: ದುಂಡನೆಯ ತಂತಿ ಸುತ್ತಿರುತ್ತದೆ. ಕೈಯಾಡಿಸಿದರೆ ಗರಗಸದ ಹಾಗೆ ತರಿತರಿ. ಸದ್ದು ಚುರುಕು, ಬೆರಳು ಜಾರಿಸಿದರೆ ಕಿರ್ ಅನ್ನುತ್ತದೆ. ಇವತ್ತು ಅಂಗಡಿಯಿಂದ ಬರುವ ಬಹುತೇಕ ಗಿಟಾರ್‌ಗಳಲ್ಲಿ ಇರುವುದು ಇದೇ.

ಫ್ಲಾಟ್‌ವೌಂಡ್: ಚಪ್ಪಟೆ ಪಟ್ಟಿ ಸುತ್ತಿರುತ್ತದೆ. ಮೇಲ್ಮೈ ನುಣುಪು. ಸದ್ದು ಮೆದು, ಮೂಲ ಸ್ವರ ಗಟ್ಟಿ, ಬೆರಳಿನ ಸದ್ದು ಇಲ್ಲವೆನ್ನುವಷ್ಟು ಕಡಿಮೆ. ಫ್ರೆಟ್‌ಗಳೂ ಬೇಗ ಸವೆಯುವುದಿಲ್ಲ.

ಹಾಫ್‌ರೌಂಡ್: ರೌಂಡ್ ತಂತಿಯ ಹೊರಮೈ ಉಜ್ಜಿ ಅರ್ಧ ನುಣುಪು ಮಾಡಿದ್ದು. ಸದ್ದು ಎರಡರ ನಡುವೆ.

ಟೇಪ್‌ವೌಂಡ್: ಲೋಹದ ಸುತ್ತಿನ ಮೇಲೆ ನೈಲಾನ್ ಪಟ್ಟಿ, ಹೆಚ್ಚಾಗಿ ಕಪ್ಪು ಬಣ್ಣ. ಸದ್ದು ನಿಲ್ಲಿಸಿ ನುಡಿಸುವ ದೊಡ್ಡ ಡಬಲ್ ಬೇಸ್ ಕಡೆ ವಾಲುತ್ತದೆ. ಒಳಗೆ ಉಕ್ಕು ಇರುವುದರಿಂದ ಮಾಮೂಲಿ ಅಯಸ್ಕಾಂತದ ಪಿಕಪ್‌ಗೆ ಕೇಳಿಸುತ್ತದೆ. ಉಕ್ಕೇ ಇಲ್ಲದ ಬರೀ ನೈಲಾನ್ ತಂತಿ ಹಾಕಿದರೆ ಆ ಪಿಕಪ್‌ನಿಂದ ಸದ್ದೇ ಬರುವುದಿಲ್ಲ.

ಫ್ಲಾಟ್ ಸೆಟ್ ಬೆಲೆ ರೌಂಡ್‌ಗಿಂತ ಹೆಚ್ಚು. ಆದರೆ ಬಾಳಿಕೆ ಲೆಕ್ಕ ಹಾಕಬೇಕು. ರೌಂಡ್‌ನ ತರಿಯಲ್ಲಿ ಬೆವರು, ಕೊಳೆ ಸೇರಿ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಫ್ಲಾಟ್ ವರ್ಷಗಟ್ಟಲೆ ಬರುತ್ತದೆ, ಹಳೆಯದಾದಷ್ಟೂ ಮೆದುವಾಗುತ್ತದೆ ಎಂದು ಬದಲಿಸದೇ ಇಟ್ಟುಕೊಳ್ಳುವವರೇ ಜಾಸ್ತಿ.

ಹಳೇ ಹಾಡುಗಳ ಗುಟ್ಟು

ಲಿಯೋ ಫೆಂಡರ್ ಅಮೆರಿಕದಲ್ಲಿ ಪ್ರಿಸಿಷನ್ ಬೇಸ್ ಹೊರತಂದದ್ದು 1951ರಲ್ಲಿ. ಆಗ ಬೇಸ್‌ಗೆ ಹಾಕುತ್ತಿದ್ದದ್ದೇ ಫ್ಲಾಟ್ ತಂತಿ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ 1960ರ ದಶಕದ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಅವರ ಪ್ರಿಸಿಷನ್ ಬೇಸ್‌ನಲ್ಲಿ ಇದ್ದದ್ದು ಲಾ ಬೆಲ್ಲಾ ಕಂಪನಿಯ ದಪ್ಪ ಫ್ಲಾಟ್ ತಂತಿ. ತಂತಿ ತುಂಡಾಗುವ ತನಕ ಅವರು ಬದಲಿಸುತ್ತಿರಲಿಲ್ಲ ಎಂಬ ಮಾತು ಇಂದಿಗೂ ಬೇಸ್ ವಾದಕರ ನಡುವೆ ಓಡಾಡುತ್ತದೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ ಬೇಸ್ ಪಿಟೀಲಿನ ಆಕಾರದ, ಒಳಗೆ ಟೊಳ್ಳಿರುವ, ಉದ್ದ ಕಡಿಮೆಯ ಗಿಟಾರ್. ಅದರದ್ದೂ ದುಂಡನೆ ಸದ್ದೇ. ರೌಂಡ್ ತಂತಿಯ ಚುರುಕು ಸದ್ದು ಬೇಸ್‌ನಲ್ಲಿ ಹೆಸರು ಮಾಡಿದ್ದು 1960ರ ದಶಕದ ನಡುವಿನಿಂದ, ಬ್ರಿಟನ್ನಿನ ರೋಟೊಸೌಂಡ್ ಕಂಪನಿಯ ತಂತಿಗಳೊಂದಿಗೆ.

ನಮ್ಮ ಕಡೆಗೆ ಬಂದರೆ, ಇಳಯರಾಜ ಸಂಗೀತದ 1981ರ ‘ಗೀತಾ’ ಚಿತ್ರದ ಹಾಡುಗಳು ಆರ್ಕೆಸ್ಟ್ರಾ ವೇದಿಕೆಯಿಂದ ಇಂದಿಗೂ ಇಳಿದಿಲ್ಲ. ಅಲ್ಲಿ ಬೇಸ್ ಬರೀ ತಾಳಕ್ಕೆ ಜೊತೆ ಕೊಡದೆ ತಾನೇ ಒಂದು ರಾಗದ ಎಳೆಯಾಗಿ ಹಾಡಿನ ಕೆಳಗೆ ಹರಿಯುತ್ತದೆ. ಅಂಥ ಎಳೆ ಚುರುಕು ತಂತಿಯ ಕಿರಿಕಿರಿಯಲ್ಲಿ ಕಳೆದುಹೋಗಬಾರದು.

ಹಾಗಾದರೆ ಎರಡನೇ ಗಿಟಾರ್ ಯಾಕೆ?

ಒಂದೇ ಗಿಟಾರ್‌ಗೆ ಶನಿವಾರ ರೌಂಡ್, ಭಾನುವಾರ ಫ್ಲಾಟ್ ಹಾಕಿ ತೆಗೆಯಲು ಆಗದು. ಬಹುಪಾಲು ಫ್ಲಾಟ್ ಸೆಟ್‌ಗಳ ಬಿಗಿತ ಹೆಚ್ಚು. ಬಿಗಿತ ಬದಲಾದರೆ ನೆಕ್ ಬಾಗುವ ಪ್ರಮಾಣ, ತಂತಿಯ ಎತ್ತರ, ಶ್ರುತಿ ಎಲ್ಲ ಬದಲಾಗುತ್ತವೆ. ಪದೇ ಪದೇ ಬಿಚ್ಚಿ ಕಟ್ಟಿದರೆ ತಂತಿಯೂ ಹಾಳು. ಎರಡೂ ಬಗೆಯ ಕಾರ್ಯಕ್ರಮ ಸಾಕಷ್ಟು ಇದ್ದವರಿಗೆ ಒಂದೊಂದಕ್ಕೆ ಒಂದೊಂದು ಗಿಟಾರ್ ಇಡುವುದೇ ಸರಿ. ತಿಂಗಳಿಗೊಂದು ಭಾವಗೀತೆ ಕಾರ್ಯಕ್ರಮ ಮಾತ್ರ ಇದ್ದರೆ, ಇರುವ ಗಿಟಾರ್‌ಗೆ ಹಾಫ್‌ರೌಂಡ್ ಹಾಕಿ ಟೋನ್ ನಾಬ್‌ನಲ್ಲಿ ಹೊಂದಿಸಿಕೊಂಡರೂ ನಡೆಯುತ್ತದೆ.

ಕೊಳ್ಳುವಾಗ ಏನು ನೋಡಬೇಕು?

ಪಿಕಪ್: ಪ್ರಿಸಿಷನ್ ಮಾದರಿಯಲ್ಲಿ ನಡುಭಾಗದಲ್ಲಿ ಎರಡು ತುಂಡಾದ ಒಂದೇ ಪಿಕಪ್. ಫ್ಲಾಟ್ ತಂತಿಗೆ ಹೇಳಿ ಮಾಡಿಸಿದ ಜೋಡಿ. ಜಾಸ್ ಮಾದರಿಯಲ್ಲಿ ಎರಡು ಪಿಕಪ್, ಸದ್ದಿನ ಆಯ್ಕೆ ಹೆಚ್ಚು. ಎರಡನ್ನೂ ಬೆರೆಸಿದ ಪಿಜೆ ಮಾದರಿಗಳೂ ಇವೆ. ಬ್ಯಾಟರಿ ಬೇಡದ ಪ್ಯಾಸಿವ್ ಗಿಟಾರ್ ಈ ಕೆಲಸಕ್ಕೆ ಸಾಕು, ಕಾರ್ಯಕ್ರಮದ ಮಧ್ಯೆ ಬ್ಯಾಟರಿ ಕೈಕೊಡುವ ಭಯವೂ ಇಲ್ಲ.

ಉದ್ದ: ಮೇಲಿನ ನಟ್‌ನಿಂದ ಬ್ರಿಡ್ಜ್‌ವರೆಗೆ ಅಳೆದರೆ ಮಾಮೂಲಿ ಗಿಟಾರ್ 34 ಇಂಚು, ಅಂದರೆ ಸುಮಾರು 86 ಸೆಂ.ಮೀ. ಶಾರ್ಟ್ ಸ್ಕೇಲ್ 30 ಇಂಚು, ಸುಮಾರು 76 ಸೆಂ.ಮೀ. ಶಾರ್ಟ್ ಸ್ಕೇಲ್‌ನಲ್ಲಿ ತಂತಿ ಸಡಿಲ, ಸದ್ದು ಸಹಜವಾಗಿಯೇ ದುಂಡಗೆ, ಕೈಗೂ ಹಗುರ. ಆದರೆ ಅದಕ್ಕೆ ಶಾರ್ಟ್ ಸ್ಕೇಲ್ ತಂತಿಯೇ ಬೇಕು. ಅದು ಹತ್ತಿರದ ಊರಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ಟೊಳ್ಳು ದೇಹ: ಸಣ್ಣ ಹಾಲ್, ಚರ್ಚ್‌ಗೆ ಚೆನ್ನ. ಜಾತ್ರೆ ವೇದಿಕೆಯಲ್ಲಿ ಮಾನಿಟರ್ ಎದುರು ಜೋರಾಗಿ ನುಡಿಸಿದರೆ ಕೂಗುತ್ತದೆ.

ಸೆಕೆಂಡ್ ಹ್ಯಾಂಡ್: ನೆಕ್ ಉದ್ದಕ್ಕೂ ಕಣ್ಣು ಹಾಯಿಸಿ ತಿರುಚಿದೆಯೇ ನೋಡಬೇಕು. ಪ್ರತಿ ತಂತಿಯ ಪ್ರತಿ ಫ್ರೆಟ್ ನುಡಿಸಬೇಕು. ನಾಬ್ ತಿರುಗಿಸಿದಾಗ ಕರಕರ ಬರುತ್ತದೆಯೇ, ವೈರ್ ಅಲ್ಲಾಡಿಸಿದರೆ ಸದ್ದು ನಿಲ್ಲುತ್ತದೆಯೇ ಪರೀಕ್ಷಿಸಬೇಕು. ನೆಕ್ ಒಳಗಿನ ಟ್ರಸ್ ರಾಡ್ ಎರಡೂ ಕಡೆ ತಿರುಗುತ್ತದೆಯೇ ಎಂದು ತಿಳಿದವರಿಂದ ನೋಡಿಸಬೇಕು. ಅದು ಕೆಟ್ಟಿದ್ದರೆ ಎಷ್ಟು ಅಗ್ಗವಾದರೂ ಬೇಡ.

ತಂತಿ ಹಾಕುವಾಗ ಎಚ್ಚರ

ಮೊದಲ ಸಲ ಫ್ಲಾಟ್ ಹಾಕುವವರಿಗೆ 45ರಿಂದ 105ರ ಒಳಗಿನ ಸೆಟ್ ಸಾಕು. ಈ ಅಂಕಿಗಳು ಇಂಚಿನ ಸಾವಿರದ ಲೆಕ್ಕದಲ್ಲಿ ತಂತಿಯ ದಪ್ಪ. ಟೇಪ್‌ವೌಂಡ್ ಇದಕ್ಕಿಂತ ದಪ್ಪ ಇರುವುದುಂಟು, ಆಗ ನಟ್‌ನ ಗೀರು ಸ್ವಲ್ಪ ಅಗಲ ಮಾಡಿಸಬೇಕಾಗಬಹುದು. ತಂತಿಯನ್ನು ಬಿರಟೆಗೆ ಸುತ್ತುವ ಮೊದಲು ಚೂಪಾಗಿ ಬಾಗಿಸಿ, ಆಮೇಲೆ ಹೆಚ್ಚಿನ ಭಾಗ ಕತ್ತರಿಸಬೇಕು. ಬಾಗಿಸದೇ ಕತ್ತರಿಸಿದರೆ ಹೊರಸುತ್ತು ಸಡಿಲಗೊಂಡು ತಂತಿ ಸತ್ತ ಹಾಗೆ ಕೇಳುತ್ತದೆ. ದೇಹದ ಹಿಂದಿನಿಂದ ತಂತಿ ತೂರಿಸುವ ಗಿಟಾರ್‌ಗಳಲ್ಲಿ, ಅವಕಾಶ ಇದ್ದರೆ ಬ್ರಿಡ್ಜ್ ಮೇಲಿನಿಂದಲೇ ಹಾಕುವುದು ಫ್ಲಾಟ್‌ಗೆ ಕ್ಷೇಮ. ಟ್ರಸ್ ರಾಡ್ ತಿರುಗಿಸುವುದಾದರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ.

ಅಂಗಡಿಯವರಿಗೊಂದು ಮಾತು

ಗಿರಾಕಿ ‘ಬೇಸ್ ತಂತಿ ಕೊಡಿ’ ಅಂದಾಗ ಮೂರು ಪ್ರಶ್ನೆ ಕೇಳಿದರೆ ವಾಪಸ್ ತರುವ ತಾಪತ್ರಯ ತಪ್ಪುತ್ತದೆ: ಎಷ್ಟು ತಂತಿಯ ಗಿಟಾರ್, ಎಷ್ಟು ಉದ್ದ, ಯಾವ ಸದ್ದು ಬೇಕು. ನಾಲ್ಕು ತಂತಿ, ಲಾಂಗ್ ಸ್ಕೇಲ್, ಮಾಮೂಲಿ ದಪ್ಪದ ಒಂದು ಫ್ಲಾಟ್ ಸೆಟ್ ಅಂಗಡಿಯಲ್ಲಿದ್ದರೆ ಹೆಚ್ಚಿನವರಿಗೆ ಹೊಂದುತ್ತದೆ. ಪೊಟ್ಟಣ ಒಡೆದು ಒಮ್ಮೆ ಕತ್ತರಿಸಿದ ಮೇಲೆ ಯಾರ ಕೈಗೂ ಪ್ರಯೋಜನವಿಲ್ಲ.

ಅತಿ ಮೆದುವೂ ಬೇಡ

ಸಣ್ಣ ಬಾಕ್ಸ್ ಸ್ಪೀಕರ್‌ಗಳು 41 ಕಂಪನದ ಮೂಲ ಸ್ವರವನ್ನು ಸರಿಯಾಗಿ ಹೊರಡಿಸಲಾರವು. ಜನರ ಕಿವಿಗೆ ತಲುಪುವುದು ಮೇಲಿನ ಉಪಸ್ವರವೇ. ಫ್ಲಾಟ್ ತಂತಿ, ಸ್ಪಂಜು, ಇಳಿಸಿದ ಟೋನ್ ಮೂರೂ ಸೇರಿದರೆ ಬೇಸ್ ಕಾಣೆಯಾಗುತ್ತದೆ. ಆಗ ಟೋನ್ ನಾಬ್ ಸ್ವಲ್ಪ ಏರಿಸಿ, ಮಿಕ್ಸರ್‌ನಲ್ಲಿ ಮಧ್ಯಭಾಗ ಒಂಚೂರು ಹೆಚ್ಚಿಸಲು ಸೌಂಡ್‌ನವರಿಗೆ ಹೇಳಬೇಕು. ಮೆದು ತಂತಿ ಹಾಕಿದ ಮೇಲೆ ಮೊದಲ ಸಲ ನುಡಿಸುವುದು ದೊಡ್ಡ ಕಾರ್ಯಕ್ರಮದಲ್ಲಿ ಆಗದಿರಲಿ. ತಂಡದ ಅಭ್ಯಾಸದಲ್ಲಿ ಕೀಬೋರ್ಡ್, ರಿದಂ ಪ್ಯಾಡ್ ಜೊತೆ ನುಡಿಸಿ, ಒಬ್ಬರು ಹಾಲಿನ ಕೊನೆಯಲ್ಲಿ ನಿಂತು ಕೇಳಿದರೆ ನಿಜ ಗೊತ್ತಾಗುತ್ತದೆ.

ಖರ್ಚಿನ ಸಾಲು ಇಷ್ಟೇ: ಮೊದಲು ಕೈ ಮತ್ತು ನಾಬ್, ಆಮೇಲೆ ಒಂದು ಸೆಟ್ ತಂತಿ ಮತ್ತು ಸೆಟಪ್, ಆ ಸದ್ದು ಒಪ್ಪಿಗೆಯಾಗಿ ಎರಡೂ ಬಗೆಯ ಕೆಲಸ ಬರುತ್ತಿದ್ದರೆ ಮಾತ್ರ ಎರಡನೇ ಗಿಟಾರ್.